ಸಣ್ಣ ಜಗಳಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

ನಿಮ್ಮ ಪ್ರಶ್ನೆ ಓದಿದೆ. ಬೀದರ್‌ನಿಂದ ಪುಣೆಗೆ ಹೋಗಿ ಕೆಲಸಕ್ಕೆ ಸೇರಿದ್ದೀರಿ. ಗಾಡಿ ನಿಲ್ಲಿಸುವ ಜಾಗದ ಸಲುವಾಗಿ ಮೇಲಿನ ಮನೆಯವರ ಜೊತೆ ನಾಲ್ಕು ಮಾತು ಬಂತು. ಮರುದಿನ ಆಫೀಸಿನಲ್ಲಿ ‘ಐ ಹ್ಯಾಡ್ ಎ ಫೈಟ್ ವಿತ್ ಮೈ ನೇಬರ್’ ಅಂದಿರಿ. ಪೆಟ್ಟು ಬಿತ್ತಾ, ಪೊಲೀಸರು ಬಂದಿದ್ದರಾ ಅಂತ ಎಲ್ಲರೂ ಗಾಬರಿಯಾಗಿ ಕೇಳಿದರು. ಜಗಳಕ್ಕೆ ಫೈಟ್ ಬಿಟ್ಟು ಬೇರೆ ಏನನ್ನಬೇಕು ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮ ಮಕ್ಕಳಿಗೂ ಇದೇ ತೊಡಕು. ಕನ್ನಡದ ‘ಜಗಳ’ ದೊಡ್ಡ ಚೀಲ ಇದ್ದ ಹಾಗೆ. ಅಣ್ಣ ತಮ್ಮನ ಕಿತ್ತಾಟದಿಂದ ಹಿಡಿದು ತಲೆ ಒಡೆಯುವ ಹೊಡೆದಾಟದ ತನಕ ಎಲ್ಲ ಅದರಲ್ಲಿ ಹಿಡಿಸುತ್ತದೆ. ‘ಫೈಟ್’ ಅಷ್ಟು ಸಡಿಲ ಅಲ್ಲ. ಗಂಡ ಹೆಂಡತಿ ನಡುವೆ ಅಂದರೆ ಬರೀ ಮಾತಿನ ಜಗಳ ಅಂತ ಕೇಳುವವರಿಗೆ ತಿಳಿಯುತ್ತದೆ. ನೆರೆಯವರ ಜೊತೆ, ಮ್ಯಾನೇಜರ್ ಜೊತೆ ಅಂದರೆ ಕೈ ಕೈ ಮಿಲಾಯಿಸಿದರಾ ಅನ್ನುವ ಅನುಮಾನ ಬಂದೇ ಬರುತ್ತದೆ.

ಕ್ಲಾಸಿನಲ್ಲಿ ನಾನು ಇದಕ್ಕೆ ನಮ್ಮ ಓಣಿಯ ನಲ್ಲಿಯ ಕತೆ ಹೇಳುತ್ತೇನೆ. ನೀರು ಬರುವ ದಿನ ಕೊಡಗಳು ಸಾಲಾಗಿ ಕೂತಿರುತ್ತವೆ. ಒಂದು ಹಸಿರು ಪ್ಲಾಸ್ಟಿಕ್ ಕೊಡ ಯಾರೂ ನೋಡದ ಹೊತ್ತಿನಲ್ಲಿ ಎರಡು ಕೊಡ ದಾಟಿ ಮುಂದೆ ಬಂದಿರುತ್ತದೆ.

‘ಯಕ್ಕಾ, ನನ್ ಕೊಡ ಯಾಕ ಹಿಂದ ಸರಿಸಿದಿ?’

‘ನಾ ಯಾಕ ಸರಸಲಿ? ನಂದು ಮದಲ ಇತ್ತು.’

ಇದು ಸ್ಕ್ವಾಬಲ್. ಸಣ್ಣ ವಿಷಯಕ್ಕೆ ಎದ್ದ ಗದ್ದಲ. ಕೊಡ ತುಂಬುವ ತನಕ ಇಬ್ಬರೂ ವಟವಟ ಅನ್ನುತ್ತಲೇ ಇದ್ದರೆ ಬಿಕರಿಂಗ್. ಇಬ್ಬರೂ ಗೆಳತಿಯರು, ಮಧ್ಯಾಹ್ನದೊಳಗೆ ರೊಟ್ಟಿ ಪಲ್ಯ ಕೊಟ್ಟು ತಗೊಂಡು ಮಾಡಿದರು ಅಂದರೆ ಅದು ಟಿಫ್. ದನಿ ಏರಿ ಓಣಿಯವರೆಲ್ಲ ಬಾಗಿಲಿಗೆ ಬಂದರೆ ರೌ. ಇದನ್ನು ಬರೆಯುವುದು ಸಾಲು ಅನ್ನುವ ‘ರೋ’ ಥರಾನೇ, ಆದರೆ ‘ಕೌ’ ಅಂದ ಹಾಗೆ ಅನ್ನಬೇಕು. ಬ್ರಿಟಿಷರ ಇಂಗ್ಲಿಷಿನಲ್ಲಿ ಜಾಸ್ತಿ ಕೇಳುತ್ತದೆ. ಆಮೇಲೆ ಇಬ್ಬರೂ ಮಾತು ಬಿಟ್ಟರೆ ‘ದೇ ಹ್ಯಾವ್ ಫಾಲನ್ ಔಟ್’. ವರ್ಷವಾದರೂ ‘ಅವತ್ತು ನನ್ನ ಕೊಡ ಸರಿಸಿದ್ದಳು’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಗ್ರಜ್.

ನೀರಿನ ಮಾತು ಬಂದಾಗ ಇನ್ನೊಂದು ಪದ ಹೇಳದೇ ಇರಲಾರೆ. ‘ರೈವಲ್’ ಅಂದರೆ ಎದುರಾಳಿ. ಇದರ ಮೂಲ ಲ್ಯಾಟಿನ್ನಿನ ‘ರಿವಾಲಿಸ್’. ಒಂದೇ ಹಳ್ಳದ ನೀರು ಬಳಸುವವನು ಅಂತ ಅರ್ಥ. ಇದನ್ನು ಹೇಳಿದ ದಿನ ನನ್ನ ಕ್ಲಾಸಿನ ಹೆಣ್ಣುಮಕ್ಕಳ ಮುಖ ನೋಡಬೇಕು ನೀವು. ಎಲ್ಲಿಯದೋ ಪದ ನಮ್ಮ ನಲ್ಲಿ ಕಟ್ಟೆಗೆ ಬಂದು ಕೂತಂತೆ ಆಗುತ್ತದೆ.

ನನಗೆ ಬಹಳ ಇಷ್ಟವಾದದ್ದು ‘ವಿ ಹ್ಯಾಡ್ ವರ್ಡ್ಸ್’. ನಾವು ‘ಮಾತಿಗೆ ಮಾತು ಬೆಳೀತು’ ಅಂತೀವಲ್ಲ, ಬಹುಮಟ್ಟಿಗೆ ಅದೇ. ಹುಷಾರು ಒಂದೇ. ‘ಐ ಹ್ಯಾಡ್ ಎ ವರ್ಡ್ ವಿತ್ ಹಿಮ್’ ಅಂದರೆ ಅವರ ಜೊತೆ ಸುಮ್ನೆ ಒಂದು ಮಾತು ಆಡಿ ಬಂದೆ ಅಂತ. ‘ವರ್ಡ್’ ಒಂದೇ ಇದ್ದರೆ ಮಾತುಕತೆ, ‘ವರ್ಡ್ಸ್’ ಆದರೆ ಜಗಳ. ಕೊನೆಯ ಒಂದು ಅಕ್ಷರದಲ್ಲಿ ಅಷ್ಟು ವ್ಯತ್ಯಾಸ ಇದೆ.

ಕಿರಿಕಿರಿ ಆಯಿತು ಅನ್ನುವಲ್ಲಿ ನಮ್ಮವರು ತಪ್ಪುವುದು ಇನ್ನೂ ಜಾಸ್ತಿ. ‘ಐ ಆಮ್ ಇರಿಟೇಟಿಂಗ್’ ಅಂತಾರೆ. ಹಾಗಂದರೆ ಕಿರಿಕಿರಿ ಮಾಡುವವನು ನಾನೇ ಅಂತ ಆಯಿತು. ‘ಐ ಆಮ್ ಇರಿಟೇಟೆಡ್’ ಅನ್ನಬೇಕು. ‘ಅನಾಯ್ಡ್’ ಅಂದರೂ ನಡೆಯುತ್ತದೆ. ಚಹಾ ಸೊರ್‌ ಅಂತ ಕುಡಿಯುವುದು, ಬಸ್ಸಿನಲ್ಲಿ ಫೋನಿನ ಹಾಡು ಜೋರಾಗಿ ಹಾಕುವುದು, ಇಂಥದ್ದು ಒಂದೊಂದು ಒಬ್ಬೊಬ್ಬರಿಗೆ ತಡೆಯಲು ಆಗಲ್ಲ ಅಲ್ವಾ? ಅದಕ್ಕೆ ‘ಪೆಟ್ ಪೀವ್’ ಅಂತಾರೆ.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಕೆಲಸದ ಕಡೆ ಕೊಡಲು ಒಂದು ದೂರು ಬರೆದು ತಂದು ತೋರಿಸಿದ. ಸೀನಿಯರ್ ಒಬ್ಬರು ಎಲ್ಲರ ಮುಂದೆ ಅವನನ್ನು ಬೈದಿದ್ದರು. ಅವನು ಬರೆದಿದ್ದು ‘ಹೀ ಅಬ್ಯೂಸ್ಡ್ ಮಿ ಅಂಡ್ ಮಿಸ್‌ಬಿಹೇವ್ಡ್ ವಿತ್ ಮಿ’ ಅಂತ. ನಮ್ಮಲ್ಲಿ ‘ಅಬ್ಯೂಸ್’ ಅಂದರೆ ಬೈಗುಳ. ಹೊರಗಿನವರು ಓದಿದರೆ ದೈಹಿಕ ಹಿಂಸೆ, ಇನ್ನೂ ಕೆಟ್ಟದ್ದು ಏನೋ ನಡೆದಿದೆ ಅಂದುಕೊಳ್ಳುತ್ತಾರೆ. ‘ಮಿಸ್‌ಬಿಹೇವ್’ ಅಂತೂ ನಮ್ಮ ಪೇಪರ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಕೊಟ್ಟ ಸುದ್ದಿಗೂ ಬಳಕೆ ಆಗುತ್ತದೆ. ನಾವಿಬ್ಬರೂ ಕೂತು ಅದನ್ನು ‘ಹೀ ಶೌಟೆಡ್ ಅಟ್ ಮಿ ಇನ್ ಫ್ರಂಟ್ ಆಫ್ ದ ಟೀಮ್’ ಅಂತ ತಿದ್ದಿದೆವು. ಆಗಿದ್ದು ಅಷ್ಟೇ, ಬರೆದಿದ್ದೂ ಅಷ್ಟೇ. ಆದರೆ ನಿಜವಾಗಿ ಕಿರುಕುಳ ಆಗಿದ್ದರೆ ‘ಹರಾಸ್‌ಮೆಂಟ್’ ಅಂತಲೇ ಬರೆಯಿರಿ. ಅಲ್ಲಿ ಮೆತ್ತಗಿನ ಪದ ಹುಡುಕಬೇಡಿ.

ನಾವು ದಿನಾ ಅನ್ನುವ ‘ತಕರಾರು’ ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ಮತ್ತೆ ಮತ್ತೆ ಆಗುವುದು ಅಂತ. ಹೊಲದ ಬದುವಿನ ಜಗಳದ ಹಾಗೆ ಒಂದೇ ವಿಷಯ ತಿರುಗಿ ತಿರುಗಿ ಬಂದರೆ ಇಂಗ್ಲಿಷಿನಲ್ಲಿ ಡಿಸ್‌ಪ್ಯೂಟ್. ಒಮ್ಮೆ ದನಿ ಏರಿ ಅಲ್ಲಿಗೇ ಮುಗಿದರೆ ಆರ್ಗ್ಯುಮೆಂಟ್.

ನಿಮ್ಮದು ಒಂದೇ ದಿನದ್ದು. ಹಾಗಾಗಿ ‘ವಿ ಹ್ಯಾಡ್ ಎ ಸ್ಮಾಲ್ ಆರ್ಗ್ಯುಮೆಂಟ್ ಓವರ್ ಪಾರ್ಕಿಂಗ್’ ಅಂದರೆ ಸಾಕು. ಜನರ ಮುಂದೆ ‘ವಿತ್’, ವಿಷಯದ ಮುಂದೆ ‘ಓವರ್’ ಅಥವಾ ‘ಅಬೌಟ್’. ಮೇಲಿನ ಮನೆಯವರು ನಾಳೆಯೂ ನಿಮ್ಮ ಜಾಗದಲ್ಲೇ ಗಾಡಿ ನಿಲ್ಲಿಸಿದರೆ, ಸೊಸೈಟಿಗೆ ಬರೆಯುವ ಪತ್ರದಲ್ಲಿ ‘ಪಾರ್ಕಿಂಗ್ ಡಿಸ್‌ಪ್ಯೂಟ್’ ಅಂತ ಹಾಕಿ.