ಕೀಲಿ ಕಳಿಸಿ, ಕೀಲಿಕೈ ಬೇಡ

ಕಳೆದ ಸಂಚಿಕೆಯಲ್ಲಿ ಪಾಸ್‌ವರ್ಡ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಎಸ್‌ಎಸ್‌ಎಚ್ ಕುರಿತವು. ದೂರದಲ್ಲಿರುವ ಸರ್ವರ್‌ನೊಳಗೆ ಮನೆಯಲ್ಲಿ ಕೂತೇ ಹೊಗಲು ನಾವೆಲ್ಲ ಬಳಸುವ ಸುರಕ್ಷಿತ ದಾರಿ ಅದು. ಇಪ್ಪತ್ತಾರು ವರ್ಷ ಸರ್ವರ್ ಕೋಣೆಯ ಎಸಿ ಚಳಿಯಲ್ಲಿ ಶಾಲು ಹೊದ್ದು ಕೂತವಳು ನಾನು. ನಿವೃತ್ತಿಯಾಗಿ ಮೈಸೂರಿಗೆ ಬಂದರೂ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯ ಸಣ್ಣ ಕಂಪನಿಯೊಂದಕ್ಕೆ ಸೇರಿ ಎರಡು ತಿಂಗಳಾಯಿತು. ಹಿರಿಯರೊಬ್ಬರು "ನಿನ್ನ ಕೀ ಕಳಿಸು, ಸರ್ವರ್‌ಗೆ ಹಾಕುತ್ತೇನೆ" ಎಂದರು. ಫೋಲ್ಡರಿನಲ್ಲಿ ಎರಡು ಫೈಲ್ ಇದ್ದವು. ಎರಡನ್ನೂ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಎಲ್ಲರೂ ನಕ್ಕರು, ಯಾಕೆಂದು ಯಾರೂ ಹೇಳಲಿಲ್ಲ. ಈಗ ಪಾಸ್‌ಫ್ರೇಸ್ ಬದಲಿಸಿದರೆ ಸಾಕೇ ಮೇಡಂ?

ಉತ್ತರ: ಸಾಲದು. ಮೊದಲು ಹೇಳಿಬಿಡುತ್ತೇನೆ, ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ನಕ್ಕು ಸುಮ್ಮನಾದವರ ಮೇಲೆ. ತಪ್ಪಿನಲ್ಲಿ ಅರ್ಧ ಪಾಲು ಹೆಸರಿನದು. ಇಂಗ್ಲಿಷಿನಲ್ಲಿ ಎರಡು ಫೈಲನ್ನೂ 'ಕೀ' ಎಂದೇ ಕರೆದಿದ್ದಾರೆ: ಒಂದು ಪಬ್ಲಿಕ್, ಇನ್ನೊಂದು ಪ್ರೈವೇಟ್. ನಮ್ಮ ಕಡೆ ಬೀಗ, ಬೀಗದ ಕೈ ಎನ್ನುತ್ತೇವೆ. ನಿಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಈ ಕೆಲಸಕ್ಕೆ ನಿಮ್ಮ ಮಾತಿನಷ್ಟು ಸರಿಯಾದದ್ದು ನನಗೆ ಬೇರೆ ಸಿಕ್ಕಿಲ್ಲ. ಹೆಸರಿನ ಕೊನೆಗೆ 'ಡಾಟ್ ಪಬ್' ಇರುವ ಫೈಲ್ ಕೀಲಿ. ಅದನ್ನು ಊರಿಗೆಲ್ಲ ಹಂಚಿದರೂ ಚಿಂತೆಯಿಲ್ಲ. ಅದಿಲ್ಲದ ಫೈಲ್ ಕೀಲಿಕೈ. ಅದು ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಬಾರದು. ಹಿರಿಯರು ಕೇಳಿದ್ದು ಕೀಲಿಯನ್ನು. ನೀವು ಕೀಲಿಕೈಯನ್ನೂ ಸೇರಿಸಿ ಕೊಟ್ಟಿರಿ.

ಪಾಸ್‌ಫ್ರೇಸ್ ಎಂದರೆ ಆ ಕೀಲಿಕೈಯನ್ನು ಇಟ್ಟಿರುವ ಡಬ್ಬಿಯ ಮುಚ್ಚಳ. ನಿಮ್ಮ ಡಬ್ಬಿಗೆ ಹೊಸ ಮುಚ್ಚಳ ಹಾಕಿದರೆ ಗುಂಪಿನಲ್ಲಿರುವ ಪ್ರತಿಗೆ ಏನೂ ಆಗುವುದಿಲ್ಲ. ಅದಕ್ಕೆ ಹಳೆಯ ಮುಚ್ಚಳವೇ ಇರುತ್ತದೆ, ಅಥವಾ ಮುಚ್ಚಳವೇ ಇರುವುದಿಲ್ಲ. ಆದ್ದರಿಂದ ಹೊಸ ಜೋಡಿ ಮಾಡಿ. ಬಗೆ ಯಾವುದೆಂದು ಕೇಳಿದರೆ ಇಡಿ25519 ಎನ್ನಿ. ಅದರ ಡಾಟ್ ಪಬ್ ಮಾತ್ರ ಕಳಿಸಿ ಸರ್ವರ್‌ಗೆ ಸೇರಿಸಲು ಹೇಳಿ. ಈಗ ತೆರೆದಿರುವ ಕಿಟಕಿ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸ ಕೀಲಿಕೈ ಬಳಸಿ ಒಳಗೆ ಹೋಗಿ ನೋಡಿ. ಹೋದಿರಾದರೆ ಮಾತ್ರ ಹಳೆಯ ಕೀಲಿಯನ್ನು ತೆಗೆಸಿ. ಕ್ರಮ ಹಿಂದುಮುಂದಾದರೆ ನೀವೇ ಹೊರಗೆ ನಿಲ್ಲುತ್ತೀರಿ. ಹಳೆಯ ಕೀಲಿ ಇನ್ನೆಲ್ಲೆಲ್ಲಿ ಇದೆ ಎಂದು ಕೂತು ನೆನಪು ಮಾಡಿಕೊಳ್ಳಿ. ಪ್ರೋಗ್ರಾಂ ಬರೆಯುವವರು ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಒಂದು ಇದ್ದೇ ಇರುತ್ತದೆ.

ಗುಂಪಿನಿಂದ ಫೈಲ್ ಅಳಿಸಿದ್ದೇನೆ, ಯಾರೂ ತೆರೆದು ನೋಡಿಲ್ಲ ಎಂಬ ಸಮಾಧಾನ ಬೇಡ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಸ್ವಂತ ಆರ್‌ಎಸ್‌ಎ (ಇಡಿ25519ರಂತೆ ಇದೂ ಒಂದು ಬಗೆ) ಕೀಲಿಕೈಯೇ ಎಲ್ಲರಿಗೂ ಕಾಣುವ ಕೋಡ್ ಸಂಗ್ರಹವೊಂದರಲ್ಲಿ (ರೆಪೊಸಿಟರಿ) ಸ್ವಲ್ಪ ಹೊತ್ತು ಬಿದ್ದಿತ್ತು. ದುರುಪಯೋಗವಾಗಿದೆ ಎನ್ನಲು ಕಾರಣವಿಲ್ಲ ಎಂದೇ ಅವರು ಹೇಳಿದರು. ಆದರೂ 24ನೇ ತಾರೀಕು ಜೋಡಿಯನ್ನೇ ಬದಲಿಸಿದರು.

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಸಹಕಾರ ಸಂಘದ ಲೆಕ್ಕಪತ್ರ ಬಾಡಿಗೆ ಸರ್ವರ್‌ನಲ್ಲಿದೆ. ಮೂವರಿಗೂ ಸೇರಿ ಒಂದೇ ಕೀಲಿಕೈ, ಅದು ಪೆನ್‌ಡ್ರೈವ್‌ನಲ್ಲಿದೆ. ಒಬ್ಬರು ಕೆಲಸ ಬಿಟ್ಟರು. ತುಂಬ ಒಳ್ಳೆಯವರು. ಪೆನ್‌ಡ್ರೈವ್ ತಿರುಗಿ ಕೊಟ್ಟಿದ್ದಾರೆ. ಇಷ್ಟು ಸಾಕಲ್ಲವೇ?

ಉತ್ತರ: ಅವರು ಒಳ್ಳೆಯವರೆಂದು ನಾನೂ ನಂಬುತ್ತೇನೆ. ಆದರೆ ಅವರ ಹಳೆಯ ಲ್ಯಾಪ್‌ಟಾಪನ್ನು ನಾಳೆ ಕೊಳ್ಳುವವರು ಯಾರೆಂದು ಇಬ್ಬರಿಗೂ ಗೊತ್ತಿಲ್ಲ. ಫೈಲನ್ನು ತಿರುಗಿ ಕೊಡುವುದು ಎಂಬುದೇ ಇಲ್ಲ. ಕೊಟ್ಟ ಮೇಲೂ ಕೊಟ್ಟವರಲ್ಲಿ ಉಳಿದಿರಬಹುದು.

ನಿಮ್ಮ ಕಡೆ ಅಡಿಕೆ ತೋಟಕ್ಕೆ ನಾಲ್ಕು ಪಾಲುದಾರರಿದ್ದರೆ ಗೇಟಿನ ಸರಪಳಿಗೆ ನಾಲ್ಕು ಬೀಗಗಳನ್ನು ಒಂದಕ್ಕೊಂದು ಕೊಂಡಿ ಹಾಕಿರುವುದನ್ನು ನೋಡಿರುತ್ತೀರಿ. ಯಾವ ಒಂದು ಬೀಗ ತೆಗೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ಒಬ್ಬರು ಪಾಲು ಬಿಟ್ಟರೆ ಅವರ ಬೀಗ ಕಳಚಿದರಾಯಿತು, ಉಳಿದ ಮೂವರಿಗೆ ತೊಂದರೆಯಿಲ್ಲ. ಸರ್ವರ್‌ನಲ್ಲಿ 'ಆಥರೈಸ್ಡ್ ಕೀಸ್' ಎಂಬ ಫೈಲ್ ಇದೆಯಲ್ಲ, ಅದೇ ಈ ಸರಪಳಿ. ಒಂದೊಂದು ಸಾಲೂ ಒಬ್ಬೊಬ್ಬರ ಬೀಗ. ನಿಮ್ಮ ಸಂಘ ಇಡೀ ತೋಟಕ್ಕೆ ಒಂದೇ ಬೀಗ ಹಾಕಿ, ಅದರ ಕೈಗೆ ನಕಲು ಮಾಡಿಸಿದೆ. ಈಗ ಇರುವ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಮ್ಮದೇ ಜೋಡಿ ಮಾಡಿಕೊಂಡು ಎರಡು ಸಾಲು ಸೇರಿಸಲಿ. ಆಮೇಲೆ ಹಳೆಯ ಸಾಲು ಅಳಿಸಿ. ಪ್ರತಿ ಸಾಲಿನ ಕೊನೆಗೆ ಟಿಪ್ಪಣಿಗೆ ಜಾಗವಿರುತ್ತದೆ. ಅಲ್ಲಿ ಹೆಸರು, ಯಂತ್ರ, ತಿಂಗಳು ಬರೆಯಿರಿ.

ಈ ಟಿಪ್ಪಣಿಯ ಬೆಲೆ ನನಗೆ ಗೊತ್ತಾದದ್ದು 2013ರಲ್ಲಿ. ನಾನಿದ್ದ ಸಂಸ್ಥೆಯ ಒಂದು ಸರ್ವರ್‌ನಲ್ಲಿ 41 ಸಾಲುಗಳಿದ್ದವು. ಅದರಲ್ಲಿ ಒಂಬತ್ತಕ್ಕೆ ಹೆಸರೇ ಇರಲಿಲ್ಲ. ಕೆಲವಕ್ಕೆ 'ಟೆಸ್ಟ್', ಒಂದಕ್ಕೆ 'ಟೆಸ್ಟ್ ಹೊಸದು'. ಯಾರನ್ನು ಕೇಳಿದರೂ ನನ್ನದಲ್ಲ ಎಂದರು. ಶುಕ್ರವಾರ ಸಂಜೆ, ಮನೆ ಸ್ವಚ್ಛ ಮಾಡುವ ಹುರುಪಿನಲ್ಲಿ, ಒಂಬತ್ತನ್ನೂ ಅಳಿಸಿ ಬಸ್ ಹತ್ತಿದೆ. ಹನ್ನೊಂದು ದಿನದ ಮೇಲೆ ಡಿಸ್ಕ್ ಕೆಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಕೊನೆಯದು ಅದೇ ಶುಕ್ರವಾರದ್ದು. ಹೆಸರಿಲ್ಲದ ಸಾಲೊಂದು ರಾತ್ರಿ ಬಂದು ನಕಲು ಒಯ್ಯುವ ಬ್ಯಾಕಪ್ ಯಂತ್ರದ್ದಾಗಿತ್ತು. ಯಂತ್ರವನ್ನು ಯಾರೂ ಕೇಳಿರಲಿಲ್ಲ, ನಾನು ಕೂಡ. ಹನ್ನೊಂದು ದಿನದ ಲೆಕ್ಕವನ್ನು ಮೂವರು ಕಾಗದದ ರಸೀದಿ ನೋಡಿ ಮತ್ತೆ ಹೊಡೆದರು. ಆ ವಾರ ಅವರಿಗೆ ಮಧ್ಯಾಹ್ನದ ಊಟ ನನ್ನ ಖರ್ಚಿನಲ್ಲಿ.

ಈಗಾದರೆ ಹೀಗೆ ಮಾಡುತ್ತೇನೆ. ಯಾವ ಕೀಲಿಕೈಯಿಂದ ಯಾವಾಗ ಬಾಗಿಲು ತೆರೆಯಿತೆಂದು ಸರ್ವರ್ ತನ್ನ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಪ್ರತಿ ಕೀಲಿಗೂ ಒಂದು ಬೆರಳಚ್ಚು, ಅಂದರೆ ಅದನ್ನು ಗುರುತಿಸುವ ಚಿಕ್ಕ ಅಕ್ಷರಸಾಲು ಇರುತ್ತದೆ. ಎರಡನ್ನೂ ಹೊಂದಿಸಿ ನೋಡಿ. ತಿಂಗಳಿಂದ ಯಾರೂ ಬಳಸದ ಸಾಲನ್ನು ಮೊದಲು ಅಳಿಸಬೇಡಿ, ಮುಂದೆ '#' ಹಾಕಿ ಮಲಗಿಸಿ. ಯಾರಾದರೂ ಕೂಗಿಕೊಂಡರೆ ಎಬ್ಬಿಸಬಹುದು. ಬ್ಯಾಕಪ್‌ನಂಥ ಯಂತ್ರದ ಸಾಲಿಗೆ ಲಗಾಮು ಹಾಕುವುದಕ್ಕೂ ಬರುತ್ತದೆ: ಸಾಲಿನ ಆರಂಭದಲ್ಲಿ ಇಂಥ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡು, ಬಂದರೂ ಇದೊಂದೇ ಆದೇಶ ನಡೆಸಲು ಬಿಡು ಎಂದು ಬರೆಯಬಹುದು. ಇಷ್ಟು ಅನುಕೂಲ ಇದ್ದೂ ಜನ ಬಳಸದಿರುವುದು ನನಗೆ ಇಂದಿಗೂ ಆಶ್ಚರ್ಯ.

ಪ್ರಶ್ನೆ: ಡಾಟ್ ಪಬ್ ಸಾಲನ್ನು ಸರಿಯಾಗಿಯೇ ಸೇರಿಸಿದ್ದೇನೆ. ಆದರೂ ಸರ್ವರ್ ಪಾಸ್‌ವರ್ಡ್ ಕೇಳುತ್ತದೆ. (ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಬೇರೇನೋ ಸರಿಹೋಗದಿದ್ದಾಗ ಹೋಮ್ ಫೋಲ್ಡರಿಗೆ 777, ಅಂದರೆ ಯಾರು ಬೇಕಾದರೂ ಓದಿ ಬರೆಯಬಹುದೆಂಬ ಅನುಮತಿ ಕೊಟ್ಟಿರಬೇಕು, ಅಲ್ಲವೇ? ಬೇರೆಯವರೂ ಬರೆಯಬಹುದಾದ ಜಾಗದಲ್ಲಿರುವ ಆಥರೈಸ್ಡ್ ಕೀಸ್ ಪಟ್ಟಿಯನ್ನು ಸರ್ವರ್ ನಂಬುವುದಿಲ್ಲ, ಅದನ್ನು ನಿಮಗೆ ಹೇಳುವುದೂ ಇಲ್ಲ. ಎಸ್‌ಎಸ್‌ಎಚ್ ಫೋಲ್ಡರಿಗೆ 700, ಪಟ್ಟಿಯ ಫೈಲಿಗೆ 600 ಕೊಡಿ; ಎರಡಕ್ಕೂ ನಿಮಗೆ ಮಾತ್ರ ಎಂದೇ ಅರ್ಥ. ಹೋಮ್ ಫೋಲ್ಡರಿನಲ್ಲಿ ಬೇರೆಯವರಿಗೆ ಬರೆಯುವ ಹಕ್ಕು ತೆಗೆಯಿರಿ. ಅಂಟಿಸುವಾಗ ಸಾಲು ಎರಡಾಗಿ ಮುರಿದಿದೆಯೇ ಎಂದೂ ನೋಡಿ.

ಪ್ರಶ್ನೆ: ಸರ್ವರ್‌ನ ಗುರುತು ಬದಲಾಗಿದೆ ಎಂದು ದೊಡ್ಡಕ್ಷರದಲ್ಲಿ ಎಚ್ಚರಿಕೆ ಬಂತು. ಗೆಳೆಯನ ಮಾತಿನಂತೆ 'ನೋನ್ ಹೋಸ್ಟ್ಸ್' ಫೈಲನ್ನೇ ಅಳಿಸಿದೆ. ಸರಿಹೋಯಿತು. ತಪ್ಪಾಯಿತೇ? (ಉಡುಪಿ)

ಉತ್ತರ: ಒಬ್ಬರ ಮುಖದ ಮೇಲೆ ಅನುಮಾನ ಬಂತೆಂದು ಪರಿಚಯಸ್ಥರನ್ನೆಲ್ಲ ಮರೆತಿದ್ದೀರಿ. ನೀವು ಹಿಂದೆ ಹೋಗಿದ್ದ ಸರ್ವರ್‌ಗಳ ಗುರುತೆಲ್ಲ ಇರುವುದು ಆ ಫೈಲಿನಲ್ಲೇ. ಸರ್ವರ್‌ಗೂ ತನ್ನದೇ ಜೋಡಿ ಇರುತ್ತದೆ. ಮೊದಲ ಸಲ ಹೋದಾಗ ನಮ್ಮ ಕಂಪ್ಯೂಟರ್ ಅದರ ಬೆರಳಚ್ಚು ತೋರಿಸಿ "ನಂಬಲೇ?" ಎಂದು ಕೇಳುತ್ತದೆ. ನಾವು ಓದದೆ ಹೌದೆನ್ನುತ್ತೇವೆ. ಆಮೇಲೆ ಬೇರೆ ಬೆರಳಚ್ಚು ಕಂಡರೆ ಎರಡರಲ್ಲೊಂದು ಕಾರಣ: ಸರ್ವರ್ ನೋಡಿಕೊಳ್ಳುವವರು ಅದನ್ನು ಹೊಸದಾಗಿ ಸ್ಥಾಪಿಸಿದ್ದಾರೆ ಅಥವಾ ಅದರ ಜೋಡಿ ಬದಲಿಸಿದ್ದಾರೆ, ಇಲ್ಲವೇ ನಡುದಾರಿಯಲ್ಲಿ ಯಾರೋ ಸರ್ವರ್ ವೇಷ ಹಾಕಿ ನಿಂತಿದ್ದಾರೆ. ಗಿಟ್‌ಹಬ್ ತನ್ನ ಜೋಡಿ ಬದಲಿಸಿದ ದಿನವೂ ಇದೇ ಎಚ್ಚರಿಕೆ ಬಂತು; ಅವರು ಹೊಸ ಬೆರಳಚ್ಚನ್ನು ಪ್ರಕಟಿಸಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ನೀವೂ ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಬೆರಳಚ್ಚು ಓದಿಸಿ, ಹೊಂದಿದರೆ ಆ ಒಂದು ಸಾಲನ್ನಷ್ಟೇ ತೆಗೆಯಬೇಕಿತ್ತು. ಕೀಲಿಕೈ ಬಳಸಿ ಹೋಗುವವರಾದರೆ ವೇಷಧಾರಿಗೆ ನಿಮ್ಮ ಕೀಲಿಕೈ ಸಿಕ್ಕಿರುವುದಿಲ್ಲ, ಅದು ದಾರಿಯ ಮೇಲೆ ಹೋಗುವುದೇ ಇಲ್ಲ. ಪಾಸ್‌ವರ್ಡ್ ಹೊಡೆದಿದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ: ಪುಣೆಯಲ್ಲಿದ್ದೇನೆ. 2007ರಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಯಂತ್ರದಲ್ಲಿ ಮಾಡಿದ ಆರ್‌ಎಸ್‌ಎ ಕೀಲಿಕೈ ಇನ್ನೂ ಕೆಲಸ ಮಾಡುತ್ತಿದೆ. ಬದಲಿಸುವ ಅಗತ್ಯವಿದೆಯೇ?

ಉತ್ತರ: ಈ ಪುಟ ಓದಿ ಮುಗಿಸುವ ಮೊದಲೇ ಬದಲಿಸಿ. ಕೀಲಿಕೈ ಮಾಡಲು ನೆರವಾಗುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಡೆಬಿಯನ್ ಆವೃತ್ತಿಯಲ್ಲಿ 2006ರಲ್ಲಿ ಒಂದು ತಿದ್ದುಪಡಿಯಾಗಿ, ಕೀಲಿಕೈಗೆ ಬೇಕಾದ ಯಾದೃಚ್ಛಿಕತೆಯೆಲ್ಲ, ಅಂದರೆ ಯಾರೂ ಊಹಿಸಲಾಗದ ಗುಣವೆಲ್ಲ ಸೋರಿಹೋಯಿತು. ಉಳಿದದ್ದು ಯಂತ್ರ ತನ್ನ ಪ್ರತಿ ಕೆಲಸಕ್ಕೆ ಕೊಡುವ ಪ್ರೊಸೆಸ್ ಸಂಖ್ಯೆಯೊಂದೇ. ಒಂದು ಬಗೆಯ, ಒಂದು ಅಳತೆಯ ಕೀಲಿಕೈಗೆ ಸುಮಾರು 32,768 ಸಾಧ್ಯತೆ. ಅಷ್ಟನ್ನೂ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡುವುದು ಕಷ್ಟದ ಕೆಲಸವೇ ಅಲ್ಲ. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ ನಾನು ಎರಡು ರಾತ್ರಿ ಮನೆಗೆ ಹೋಗಿರಲಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಹಾಸನ. ನಮ್ಮ ಊರಿನ ಶಾಸನಗಳ ಫೋಟೊಗಳನ್ನು ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದ್ದೇನೆ. ವಯಸ್ಸು 71. ಕೀಲಿಕೈ ಮತ್ತು ಪಾಸ್‌ಫ್ರೇಸ್ ಬರೆದು ಲಕೋಟೆಯಲ್ಲಿ ಮಗಳಿಗೆ ಕೊಡಬಹುದೇ?

ಉತ್ತರ: ಮೇಷ್ಟ್ರೇ, ಲಕೋಟೆ ಬೇಡ. ನಿಮ್ಮ ಕೀಲಿಕೈ ನಿಮ್ಮಲ್ಲೇ ಇರಲಿ. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ತನ್ನದೇ ಜೋಡಿ ಮಾಡಿಕೊಂಡು ಡಾಟ್ ಪಬ್ ಸಾಲನ್ನು ನಿಮಗೆ ಕಳಿಸಲಿ. ಅದನ್ನು ನೀವೇ ಸರಪಳಿಗೆ ಸೇರಿಸಿ, ಕೊನೆಗೆ ಅವರ ಹೆಸರು ಬರೆಯಿರಿ. ಕಾಗದದ ಮೇಲೆ ಬರೆದಿಡುವುದಾದರೆ ಸರ್ವರ್‌ನ ವಿಳಾಸ, ಅದರ ಬೆರಳಚ್ಚು, ಬಾಡಿಗೆ ಯಾವ ಖಾತೆಯಿಂದ ಯಾವ ತಿಂಗಳು ಹೋಗುತ್ತದೆ ಎಂಬುದನ್ನು ಬರೆದಿಡಿ. ದಸರಾ ರಜೆಗೆ ಅವರು ಬಂದಾಗ ನಿಮ್ಮ ಎದುರಿಗೇ ಒಮ್ಮೆ ಒಳಗೆ ಹೋಗಲಿ. "ನಂಬಲೇ?" ಎಂದು ಲ್ಯಾಪ್‌ಟಾಪ್ ಕೇಳಿದಾಗ ಕಾಗದ ನೋಡಿ ಹೌದೆನ್ನಲಿ. ಶಾಸನದ ಅಕ್ಷರ ಓದಿ ಅಭ್ಯಾಸವಿರುವ ನಿಮಗೆ ಆ ಬೆರಳಚ್ಚು ಹೋಲಿಸುವುದು ಏನು ಮಹಾ.