ಆಕಾಶದಲ್ಲೂ ಮುಯ್ಯಾಳು ಲೆಕ್ಕ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬಾಹ್ಯಾಕಾಶ ನಿಲ್ದಾಣದ ಬಗ್ಗೆಯೇ ಇವೆ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ ಬಂದ ಮೇಲೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಓದುಗರು ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಿದ್ದಾರೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದವನಿಗೆ ಇದಕ್ಕಿಂತ ಖುಷಿ ಬೇಕೇ? ಈ ಸಲದ ಪುಟ ಪೂರ್ತಿ ಅದಕ್ಕೇ ಇರಲಿ.

ಹದಿನೈದು ದೇಶ ಸೇರಿ ಕಟ್ಟಿದ ನಿಲ್ದಾಣ ಈಗಾಗಲೇ ಇದೆ. ನಮ್ಮವರೂ ಹೋಗಿ ಬಂದರು. ಹಾಗಿರುವಾಗ ಭಾರತ ತನ್ನದೇ ಇನ್ನೊಂದು ಕಟ್ಟುವುದು ಬರೀ ಪ್ರತಿಷ್ಠೆ ಅಲ್ವಾ?
— ಕಾಫಿ ಬೆಳೆಗಾರರು, ಸಕಲೇಶಪುರ

ಬರೀ ಪ್ರತಿಷ್ಠೆ ಆಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಆದರೆ ಆ ಹದಿನೈದು ದೇಶ ಹೇಗೆ ಸೇರಿದವು ಅನ್ನುವುದನ್ನು ಸ್ವಲ್ಪ ನೋಡಿ. ಅದರಲ್ಲಿ ನಮ್ಮ ದೇಶದ ಕಥೆಯೂ ಇದೆ. ಅದನ್ನು ಯಾಕೋ ಯಾರೂ ಜಾಸ್ತಿ ಹೇಳುವುದಿಲ್ಲ.

1984ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ದೊಡ್ಡ ನಿಲ್ದಾಣ ಕಟ್ಟುತ್ತೇವೆ ಎಂದರು. ಆಗ ಅದು ಸೋವಿಯತ್ ಒಕ್ಕೂಟದ ಜತೆಗಿನ ಪೈಪೋಟಿ. ಅವರ ನಿಲ್ದಾಣಗಳು 1971ರಿಂದಲೇ ಮೇಲೆ ಹಾರುತ್ತಿದ್ದವು. ಅಮೆರಿಕದ್ದೋ, ನಕ್ಷೆ ಬದಲಾಯಿಸುವುದರಲ್ಲೇ ವರ್ಷಗಳು ಕಳೆದವು, ಖರ್ಚು ಮಾತ್ರ ಏರುತ್ತಲೇ ಹೋಯಿತು. 1993ರ ಜೂನ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿಬಿಡಿ ಎಂಬ ಪ್ರಸ್ತಾವ ಅವರ ಪ್ರತಿನಿಧಿ ಸಭೆಗೆ ಬಂತು. ಪರವಾಗಿ 215, ವಿರುದ್ಧವಾಗಿ 216. ಒಂದೇ ಒಂದು ಮತದಲ್ಲಿ ನಿಲ್ದಾಣ ಉಳಿಯಿತು.

ಆ ಹೊತ್ತಿಗೆ ಸೋವಿಯತ್ ಒಡೆದುಹೋಗಿತ್ತು. ರಷ್ಯಾದ ಹತ್ತಿರ ಅನುಭವ ಇತ್ತು, ದುಡ್ಡಿರಲಿಲ್ಲ. ಕೆಲಸವಿಲ್ಲದ ಅಲ್ಲಿನ ರಾಕೆಟ್ ಎಂಜಿನಿಯರ್‌ಗಳು ಬೇರೆ ದೇಶಗಳಿಗೆ ಕ್ಷಿಪಣಿ ಮಾಡಿಕೊಡಲು ಹೋದರೆ ಏನು ಗತಿ ಅನ್ನುವ ಭಯ ಅಮೆರಿಕಕ್ಕಿತ್ತು. ಸರಿ, ಇಬ್ಬರೂ ಸೇರೋಣ ಎಂಬ ಮಾತು ಶುರುವಾಯಿತು.

ಅದೇ ಕಾಲಕ್ಕೆ ನಮ್ಮ ಇಸ್ರೋ ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಜತೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಕ್ರಯೋಜೆನಿಕ್ ಎಂಜಿನ್ ಕೊಡುವುದು, ಜತೆಗೆ ಅದನ್ನು ಮಾಡುವ ವಿದ್ಯೆಯನ್ನೂ ಕೊಡುವುದು. ಈ ಎಂಜಿನ್ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಉರಿಸುತ್ತದೆ. ಭಾರವಾದ ಉಪಗ್ರಹ ಎತ್ತರಕ್ಕೆ ಒಯ್ಯಲು ಇದು ಬೇಕೇ ಬೇಕು. ಇದು ಕ್ಷಿಪಣಿ ತಂತ್ರಜ್ಞಾನ ಎಂದು ಅಮೆರಿಕ ಆಕ್ಷೇಪ ಎತ್ತಿತು. ಹಾರಿಸುವ ಮುಂಚೆ ಗಂಟೆಗಟ್ಟಲೆ ಇಂಧನ ತುಂಬಿಸಬೇಕಾದ ಎಂಜಿನ್ ಯುದ್ಧಕ್ಕೆ ಯಾವ ಉಪಯೋಗಕ್ಕೆ ಬಂದೀತು? ಆದರೂ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಬಿತ್ತು. 1993ರ ಜುಲೈನಲ್ಲಿ ರಷ್ಯಾ ಮಣಿಯಿತು. ವಿದ್ಯೆ ಕೊಡುವುದಿಲ್ಲ, ತಯಾರಾದ ಎಂಜಿನ್ ಮಾತ್ರ ಕೊಡುತ್ತೇವೆ ಎಂದಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಮತ್ತು ರಷ್ಯಾ ಒಟ್ಟಿಗೆ ನಿಲ್ದಾಣ ಕಟ್ಟುವುದಾಗಿ ಸಹಿ ಹಾಕಿದವು. ಜೂನ್, ಜುಲೈ, ಸೆಪ್ಟೆಂಬರ್ — ಮೂರನ್ನೂ ಒಟ್ಟಿಗಿಟ್ಟು ನೋಡಿ. ಆ ದೊಡ್ಡ ಸಹಕಾರದ ಬೆಲೆಯಲ್ಲಿ ಒಂದು ಪಾಲನ್ನು ನಾವು ತೆತ್ತಿದ್ದೇವೆ.

ನಮ್ಮವರು ಬಿಡಲಿಲ್ಲ. ಸ್ವಂತ ಕ್ರಯೋಜೆನಿಕ್ ಎಂಜಿನ್ ಇಟ್ಟ ಮೊದಲ ರಾಕೆಟ್ 2010ರ ಏಪ್ರಿಲ್‌ನಲ್ಲಿ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಗೆದ್ದಿತು. ಇಪ್ಪತ್ತು ವರ್ಷ ಹಿಡಿಯಿತು, ಆದರೆ ಈಗ ಅದನ್ನು ಯಾರೂ ಕಿತ್ತುಕೊಳ್ಳಲಾರರು.

ನಿಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಪದ್ಧತಿ ಇದೆಯಲ್ಲ, ನಿಮಗೆ ನಾನು ಹೇಳಿಕೊಡಬೇಕಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿ ಮಾತಿಲ್ಲ. ಆದರೆ ಗದ್ದೆಯೇ ಇಲ್ಲದವನನ್ನು ಮುಯ್ಯಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರಾ? ಅಂತರರಾಷ್ಟ್ರೀಯ ನಿಲ್ದಾಣ ನಡೆಯುವುದು ಹೆಚ್ಚೂಕಮ್ಮಿ ಹೀಗೆಯೇ. ಕೆನಡಾ 17 ಮೀಟರ್ ಉದ್ದದ ರೋಬೋ ತೋಳು ಮಾಡಿಕೊಟ್ಟಿತು. ಅದಕ್ಕೆ ಪ್ರತಿಯಾಗಿ ರಷ್ಯಾದ ಭಾಗ ಬಿಟ್ಟು ಉಳಿದ ಸೌಲಭ್ಯದಲ್ಲಿ ಶೇ. 2.3 ಪಾಲು ಅದರದ್ದು. ಜಪಾನ್ ಪ್ರಯೋಗಶಾಲೆ ಕೊಟ್ಟಿತು, ಶೇ. 12.8. ಯುರೋಪಿಗೆ ಶೇ. 8.3. ದಶಾಂಶದವರೆಗೂ ಲೆಕ್ಕ! ಶುಭಾಂಶು ಹೋದಾಗ ನಾವು ಸೀಟಿಗೆ ದುಡ್ಡು ಕೊಟ್ಟೆವು. ಅದು ತಪ್ಪಲ್ಲ, ಕಲಿಯಲು ಅದೇ ದಾರಿ. ಆದರೆ ದುಡ್ಡು ಕೊಟ್ಟು ಹೋದವರು ಅತಿಥಿಗಳು. ಯಾವ ಪ್ರಯೋಗ ಯಾವಾಗ, ಯಾರು ಎಷ್ಟು ದಿನ ಇರಬೇಕು ಅನ್ನುವುದನ್ನೆಲ್ಲ ಮನೆಯವರು ತೀರ್ಮಾನಿಸುತ್ತಾರೆ.

ಇನ್ನು ನಮ್ಮ ಭಾರತೀಯ ಅಂತರಿಕ್ಷ ನಿಲ್ದಾಣ. 2028ಕ್ಕೆ ಮೊದಲ ಭಾಗ, 2035ಕ್ಕೆ ಐದೂ ಭಾಗ ಎಂಬ ಗುರಿ ಇದೆ. ಒಟ್ಟು ತೂಕ ಸುಮಾರು 52 ಟನ್. ಈಗಿರುವ ಅಂತರರಾಷ್ಟ್ರೀಯ ನಿಲ್ದಾಣ 420 ಟನ್. ಆ ದೊಡ್ಡದಕ್ಕೆ ಎದುರಾಳಿಯಾಗುವ ಮಾತೇ ಇಲ್ಲಿಲ್ಲ. ಅದನ್ನು 2030ರ ಹೊತ್ತಿಗೆ ಮುಚ್ಚುವ ಯೋಚನೆ ಬೇರೆ ಇದೆ. ಮುಚ್ಚಿದ ಮೇಲೆ ಯಾರ ಮನೆಗೆ ಅತಿಥಿಯಾಗಿ ಹೋಗೋಣ ಹೇಳಿ.

ಭೂಮಿ ಮೇಲೆ ಉಕ್ರೇನ್ ವಿಷಯಕ್ಕೆ ಅಮೆರಿಕಕ್ಕೂ ರಷ್ಯಾಕ್ಕೂ ಆಗಿಬರುವುದಿಲ್ಲ. ಮೇಲೆ ಮಾತ್ರ ಒಂದೇ ಸೂರಿನಡಿ ಇದ್ದಾರೆ. ಇದು ಹೇಗೆ?
— ಬಿಎಸ್ಸಿ ವಿದ್ಯಾರ್ಥಿ, ಅರಸೀಕೆರೆ

ಬಿಟ್ಟು ಹೋಗಲು ಆಗದ ಹಾಗೆ ಕಟ್ಟಿದ್ದಾರೆ, ಅದಕ್ಕೆ. ಸೌರಫಲಕದ ಕರೆಂಟ್ ಹೆಚ್ಚಿನದು ಅಮೆರಿಕದ ಕಡೆಯಿಂದ ಬರುತ್ತದೆ. ನಿಲ್ದಾಣದ ಮುಖ ಯಾವ ಕಡೆ ಇರಬೇಕೆಂದು ನೋಡಿಕೊಳ್ಳುವ ನಾಲ್ಕು ದೊಡ್ಡ ಗೈರೋಸ್ಕೋಪ್‌ಗಳೂ ಅವರವೇ. ಆದರೆ 400 ಕಿಲೋಮೀಟರ್ ಎತ್ತರದಲ್ಲೂ ತೆಳ್ಳಗೆ ಗಾಳಿ ಇದೆ. ಅದಕ್ಕೆ ತಿಕ್ಕಿ ತಿಕ್ಕಿ ನಿಲ್ದಾಣ ತಿಂಗಳಿಗೆ ಸುಮಾರು ಎರಡು ಕಿಲೋಮೀಟರ್ ಕೆಳಗಿಳಿಯುತ್ತದೆ. ಆಗಾಗ ಎಂಜಿನ್ ಉರಿಸಿ ಮೇಲಕ್ಕೆ ಎತ್ತಬೇಕು. ಆ ಕೆಲಸ ಮೊದಲಿನಿಂದಲೂ ಮುಖ್ಯವಾಗಿ ರಷ್ಯಾದ್ದು. ಈಚೆಗೆ ಅಮೆರಿಕದ ನೌಕೆಗಳೂ ಸ್ವಲ್ಪಸ್ವಲ್ಪ ಎತ್ತಲು ಕಲಿತಿವೆ, ನಿಜ. ಆದರೂ ಗೋಡೆ ಎಬ್ಬಿಸಿ ಪಾಲಾಗುವಂಥ ಮನೆ ಅಲ್ಲ ಅದು.

ಯುದ್ಧ ಶುರುವಾಗಿ ತಿಂಗಳ ಮೇಲಾಗಿತ್ತು. 2022ರ ಮಾರ್ಚ್ 30ರಂದು ಅಮೆರಿಕದ ಮಾರ್ಕ್ ವ್ಯಾಂಡ್ ಹೈ ಇಬ್ಬರು ರಷ್ಯನ್ನರ ಜತೆ ಸೋಯುಜ್ ನೌಕೆಯಲ್ಲೇ ಕಜಾಕ್‌ಸ್ತಾನದಲ್ಲಿ ಇಳಿದರು. ಅದೇ ವರ್ಷ ಇಬ್ಬರೂ ಸೀಟು ಅದಲುಬದಲು ಮಾಡಿಕೊಂಡರು. ಅಮೆರಿಕದ ಫ್ರ್ಯಾಂಕ್ ರೂಬಿಯೊ ಸೋಯುಜ್‌ನಲ್ಲಿ ಹೋದರು, ರಷ್ಯಾದ ಅನ್ನಾ ಕಿಕಿನಾ ಅಮೆರಿಕದ ಡ್ರ್ಯಾಗನ್‌ನಲ್ಲಿ. ಡಿಸೆಂಬರ್‌ನಲ್ಲಿ ಆ ಸೋಯುಜ್‌ನ ಒಳಗನ್ನು ತಂಪಾಗಿಡುವ ದ್ರವ ಸೋರಿ ಖಾಲಿಯಾಯಿತು. ಅಪಾಯ ಬಂದರೆ ರೂಬಿಯೊ ಹೇಗೆ ಇಳಿಯಬೇಕು? ಅವರ ಮೈ ಅಳತೆಗೆ ಮಾಡಿದ ಸೀಟಿನ ಅಚ್ಚನ್ನು ಸೋಯುಜ್‌ನಿಂದ ಬಿಚ್ಚಿ ಡ್ರ್ಯಾಗನ್ ಒಳಗೆ ಕಟ್ಟಿದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಕೆಳಗೆ ಮಂತ್ರಿಗಳು ಏನು ಬೇಕಾದರೂ ಅಂದುಕೊಳ್ಳಲಿ, ಮೇಲಿದ್ದವರು ಸ್ಪ್ಯಾನರ್ ಹಿಡಿದು ಒಬ್ಬ ಮನುಷ್ಯನಿಗೆ ಜಾಗ ಮಾಡಿದರು. ರೂಬಿಯೊ ಕೊನೆಗೆ ಬದಲಿ ಸೋಯುಜ್‌ನಲ್ಲಿ ಇಳಿದಾಗ 371 ದಿನ ಕಳೆದಿತ್ತು.

ಬೇರೆ ಬೇರೆ ದೇಶದವರು ಮಾಡಿದ ನೌಕೆಗಳ ಬಾಗಿಲು ಒಂದಕ್ಕೊಂದು ಹೇಗೆ ಕೂರುತ್ತವೆ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಬೇಲೂರು

ಶಭಾಷ್, ಮಗಳೇ. ದೊಡ್ಡವರು ಕೇಳದ ಪ್ರಶ್ನೆ ಇದು.

ಮೊದಲು ಕೂರುತ್ತಿರಲಿಲ್ಲ. ಆಗಿನ ನೌಕೆಗಳಲ್ಲಿ ಒಂದಕ್ಕೆ ಮುಂದೆ ಚಾಚಿದ ಕೋಲು, ಇನ್ನೊಂದಕ್ಕೆ ಆ ಕೋಲು ಹೊಕ್ಕುವ ಗುಳಿ ಇರುತ್ತಿತ್ತು. ಕೋಲಿನ ನೌಕೆ ಗುಳಿಯ ನೌಕೆಗೆ ಮಾತ್ರ ಸೇರುತ್ತಿತ್ತು. 1975ರಲ್ಲಿ ಅಮೆರಿಕದ ಅಪೊಲೊ, ಸೋವಿಯತ್‌ನ ಸೋಯುಜ್ ಸೇರಬೇಕೆಂದಾಯಿತು. ಎರಡಕ್ಕೂ ಒಂದೇ ಥರದ ಜೋಡಣೆ ಇರಲಿ ಎಂದು ತೀರ್ಮಾನಿಸಿದರು. ಸೋವಿಯತ್ ಕಡೆ ಇದರ ಹಿಂದಿದ್ದ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾಟ್ನಿಕೋವ್. ಎರಡೂ ನೌಕೆಯ ಮೂತಿಗೆ ಒಂದೊಂದು ಉಂಗುರ. ಉಂಗುರಕ್ಕೆ ಮೂರು ಮೂರು ಲೋಹದ ದಳ. ಒಂದರ ದಳಗಳ ನಡುವೆ ಇನ್ನೊಂದರ ದಳಗಳು ಜಾರಿ ಕೂರುತ್ತವೆ. ಯಾವ ನೌಕೆ ಉಂಗುರ ಮುಂದೆ ಚಾಚುತ್ತದೋ ಅದು ಹಿಡಿಯುತ್ತದೆ, ಇನ್ನೊಂದು ಹಿಡಿಸಿಕೊಳ್ಳುತ್ತದೆ. ಯಾರು ಬೇಕಾದರೂ ಯಾವ ಪಾತ್ರ ಬೇಕಾದರೂ ಮಾಡಬಹುದು.

ಬಾಗಿಲು ಕೂತರೆ ಸಾಲದು, ಗಾಳಿಯೂ ಹೊಂದಬೇಕು. ಅಪೊಲೊ ಒಳಗೆ ಬರೀ ಆಮ್ಲಜನಕ ಇತ್ತು, ಒತ್ತಡ ನಮ್ಮ ವಾತಾವರಣದ ಮೂರರಲ್ಲಿ ಒಂದು ಭಾಗ. ಸೋಯುಜ್ ಒಳಗೆ ನಾವು ಉಸಿರಾಡುವಂಥ ಗಾಳಿ, ಪೂರ್ತಿ ಒತ್ತಡ. ನೇರ ಬಾಗಿಲು ತೆಗೆದು ಓಡಾಡಲು ಆಗುತ್ತಿರಲಿಲ್ಲ. ಅದಕ್ಕೆ ಮಧ್ಯೆ ಒಂದು ಚಿಕ್ಕ ಕೋಣೆ ಮಾಡಿದರು. ಸೋವಿಯತ್‌ನವರು ತಮ್ಮ ಒತ್ತಡವನ್ನು ಮೂರರಲ್ಲಿ ಎರಡು ಭಾಗಕ್ಕೆ ಇಳಿಸಿಕೊಂಡರು. 1975ರ ಜುಲೈ 17ರಂದು ಅಪೊಲೊದ ಸ್ಟ್ಯಾಫರ್ಡ್ ಮತ್ತು ಸೋಯುಜ್‌ನ ಲಿಯೊನೋವ್ ಕೈ ಕುಲುಕಿದರು. ಅಮೆರಿಕದವರು ರಷ್ಯನ್ ಮಾತಾಡುತ್ತಿದ್ದರು, ರಷ್ಯದವರು ಇಂಗ್ಲಿಷ್. ಎದುರಿಗಿರುವವನ ಭಾಷೆಯಲ್ಲಿ ಮಾತಾಡಿದರೆ ನಿಧಾನವಾಗಿ, ಬಿಡಿಸಿ ಹೇಳುತ್ತೇವೆ, ಅವನಿಗೆ ಅರ್ಥವೂ ಆಗುತ್ತದೆ.

ಆ ಜೋಡಣೆಯ ಸುಧಾರಿಸಿದ ರೂಪ ಆಮೇಲೆ ಅಮೆರಿಕದ ಷಟಲ್‌ಗಳನ್ನು ರಷ್ಯಾದ ಮೀರ್ ನಿಲ್ದಾಣಕ್ಕೂ ಅಂತರರಾಷ್ಟ್ರೀಯ ನಿಲ್ದಾಣಕ್ಕೂ ಸೇರಿಸಿತು. 2010ರಲ್ಲಿ ಎಲ್ಲರೂ ಬಳಸಬಹುದಾದ ಒಂದು ಅಳತೆಯನ್ನೇ ಪ್ರಕಟಿಸಿದರು. 2025ರ ಜನವರಿ 16ರಂದು ನಮ್ಮ ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಪುಟ್ಟ ಉಪಗ್ರಹಗಳು ಮೇಲೆ ಸೇರಿಕೊಂಡವಲ್ಲ, ಅವುಗಳ ಜೋಡಣೆಯೂ ಎರಡು ಕಡೆ ಒಂದೇ ಥರದ್ದು. ಆ ವಿದ್ಯೆ ಕೈಗೆ ಬಂದ ನಾಲ್ಕನೇ ದೇಶ ನಮ್ಮದು. ಮನೆ ಸ್ವಂತದ್ದು ಇರಲಿ, ಬಾಗಿಲಿನ ಅಳತೆ ಮಾತ್ರ ಎಲ್ಲರಿಗೂ ಹೊಂದುವಂತಿರಲಿ ಅನ್ನುವುದು ನನ್ನ ಆಸೆ. ಯಾರದೋ ನೌಕೆ ಕೆಟ್ಟು ನಿಂತಾಗ ಜೀವ ಉಳಿಸುವುದು ಆ ಅಳತೆಯೇ.

ಚೀನಾದವರು ಯಾಕೆ ಬೇರೆ ಇದ್ದಾರೆ? ಸೇರಿಸಿಕೊಳ್ಳಲಿಲ್ಲವೋ, ಸೇರಲಿಲ್ಲವೋ?
— ಗೃಹಿಣಿ, ಮೂಡಿಗೆರೆ

ಎರಡೂ. ಸ್ವಂತ ನಿಲ್ದಾಣದ ಯೋಜನೆಗೆ ಚೀನಾ 1992ರಲ್ಲೇ ಕೈಹಾಕಿತ್ತು. 2011ರಲ್ಲಿ ಅಮೆರಿಕದ ಸಂಸತ್ತು ನಾಸಾ ಚೀನಾದ ಜತೆ ನೇರವಾಗಿ ಕೆಲಸ ಮಾಡಲು ದುಡ್ಡು ಖರ್ಚು ಮಾಡಬಾರದೆಂದು ಕಾನೂನು ಮಾಡಿತು. ತಡೆದರೆ ನಿಲ್ಲುತ್ತಾರೆ ಅಂದುಕೊಂಡಿದ್ದರೋ ಏನೋ. ಚೀನಾ 2021ರ ಏಪ್ರಿಲ್‌ನಲ್ಲಿ ತಿಯಾನ್‌ಹೆ ಎಂಬ ಮೊದಲ ಭಾಗ ಹಾರಿಸಿತು, 2022ರಲ್ಲಿ ಎರಡು ಪ್ರಯೋಗಶಾಲೆ ಸೇರಿಸಿ ಕೆಲಸ ಮುಗಿಸಿತು. ನಮ್ಮನ್ನು ಎಂಜಿನ್ ವಿಷಯದಲ್ಲಿ ತಡೆದಾಗ ಆದದ್ದೂ ಇದೇ ತಾನೇ?

ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ. 2019ರಲ್ಲಿ ವಿಶ್ವಸಂಸ್ಥೆಯ ಮೂಲಕ ಚೀನಾ ತನ್ನ ನಿಲ್ದಾಣಕ್ಕೆ ಪ್ರಯೋಗಗಳನ್ನು ಆರಿಸಿತು. ಆಯ್ಕೆಯಾದ ಒಂಬತ್ತರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರಷ್ಯಾದವರ ಜತೆ ಸೇರಿ ಕೊಟ್ಟ ಯೋಜನೆಯೂ ಒಂದು. ನಕ್ಷತ್ರಗಳ ನಡುವಿನ ಅನಿಲದ ಬೆಳಕನ್ನು ಅಳೆಯುವುದು ಅದರ ಉದ್ದೇಶ. ಗಡಿಯಲ್ಲಿ ಏನೇ ಇರಲಿ, ಇಂಥ ಬಾಗಿಲುಗಳನ್ನು ಮುಚ್ಚಬಾರದು.

1979ರಲ್ಲಿ ಸ್ಕೈಲ್ಯಾಬ್ ಬೀಳುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಈಗಿನದೂ ಬೀಳುತ್ತದಾ?
— ಹಿರಿಯ ಓದುಗರು, ಹೊಳೆನರಸೀಪುರ

ಬೀಳಿಸುತ್ತಾರೆ, ತಾನಾಗಿ ಬೀಳುವುದಿಲ್ಲ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಇಳಿಯುತ್ತಿದ್ದಾಗ ಅದನ್ನು ಮೇಲೆತ್ತುವ ನೌಕೆ ಇನ್ನೂ ತಯಾರಾಗಿರಲಿಲ್ಲ. ತುಂಡುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಈ ಸಲ ಕೆಳಗೆ ತಳ್ಳುವುದಕ್ಕೆಂದೇ ಒಂದು ನೌಕೆ ಮಾಡಿಸುತ್ತಿದ್ದಾರೆ. ಪೆಸಿಫಿಕ್ ಸಾಗರದ ಜನವಿಲ್ಲದ ಜಾಗ ನೋಡಿ ಇಳಿಸುತ್ತಾರೆ. ಹೆದರಬೇಡಿ.

ನಮ್ಮ ನಿಲ್ದಾಣವನ್ನು ಹಾಸನದಿಂದಲೇ ನಿಯಂತ್ರಿಸುತ್ತಾರಾ?
— ಅಂಗಡಿ ಮಾಲೀಕರು, ಹಾಸನ

ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು. ಅವು ನಮಗೆ ಸದಾ ಒಂದೇ ಜಾಗದಲ್ಲಿ ಕಾಣುತ್ತವೆ. ನಿಲ್ದಾಣ ಹಾಗಲ್ಲ. ಒಂದೂವರೆ ಗಂಟೆಗೆ ಭೂಮಿ ಸುತ್ತುತ್ತದೆ. ಒಂದು ಊರಿನ ಆಂಟೆನಾಕ್ಕೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅದಕ್ಕೇ ಎತ್ತರದ ಉಪಗ್ರಹಗಳ ಮೂಲಕ ಮಾತು ದಾಟಿಸುವ ವ್ಯವಸ್ಥೆಯನ್ನು ಇಸ್ರೋ ಯೋಜಿಸಿದೆ.

ಆದರೆ ನಮ್ಮ ಊರು ಕಲಿಸಿದ ಪಾಠ ದೊಡ್ಡದು. 1982ರಲ್ಲಿ ಕೇಂದ್ರ ಶುರುವಾದಾಗ ಉಪಗ್ರಹ ಅಮೆರಿಕದ್ದು, ಹಾರಿಸಿದ ರಾಕೆಟ್ಟೂ ಅವರದೇ. ಮೊದಲನೆಯ ಇನ್ಸಾಟ್ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ಷಟಲ್ ಇನ್ಸಾಟ್-1ಬಿ ಒಯ್ದಿತು. ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಇಲ್ಲಿಂದ ಆದೇಶದ ಮೇಲೆ ಆದೇಶ ಕಳಿಸಿ, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಡಿಸಿದರು. ಆ ಉಪಗ್ರಹವೇ ಆಮೇಲೆ ದೇಶದ ಮೂಲೆ ಮೂಲೆಗೆ ಟೀವಿ ತಲುಪಿಸಿತು. 1992ರ ಇನ್ಸಾಟ್-2ಎ ಹೊತ್ತಿಗೆ ಉಪಗ್ರಹ ನಾವೇ ಮಾಡಿದ್ದು. ಕೊಂಡು ಕಲಿತು, ಆಮೇಲೆ ಸ್ವಂತ ಮಾಡುವ ದಾರಿ ನಮಗೆ ಹೊಸದಲ್ಲ.

ನಿಲ್ದಾಣ ನಮ್ಮ ಕಣ್ಣಿಗೆ ಕಾಣುತ್ತದಾ?
— ಬಸ್ ಕಂಡಕ್ಟರ್, ಚಿಕ್ಕಮಗಳೂರು

ಚೆನ್ನಾಗಿ ಕಾಣುತ್ತದೆ. ಸೂರ್ಯ ಮುಳುಗಿದ ಮೇಲೆ ಒಂದು ಗಂಟೆಯೊಳಗೆ, ಇಲ್ಲವೇ ಬೆಳಗಾಗುವ ಮುಂಚೆ ನೋಡಿ. ಮಿನುಗುವುದಿಲ್ಲ, ಸದ್ದಿಲ್ಲ, ನಕ್ಷತ್ರಕ್ಕಿಂತ ಜಾಸ್ತಿ ಹೊಳೆಯುತ್ತಾ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದನ್ನು ನಾಸಾ ಊರಿನ ಹೆಸರು ಹಾಕಿದರೆ ತಿಳಿಸುತ್ತದೆ. ಮಳೆಗಾಲದಲ್ಲಿ ಸುಮ್ನೆ ಕತ್ತು ನೋಯಿಸಿಕೊಳ್ಳಬೇಡಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಕಡೆ ಆಕಾಶ ಶುಭ್ರ.

ಶುಭಾಂಶು ಮೆಂತ್ಯ ಬಿತ್ತಿದರಂತೆ, ನಿಜವಾ?
— ರೈತರು, ಕಡೂರು

ನಿಜ. ಮೆಂತ್ಯ ಮತ್ತು ಹೆಸರುಕಾಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿಯವರ ಪ್ರಯೋಗ ಅದು. ಮೊಳಕೆ ಬಂತು, ಫೋಟೋ ತೆಗೆದು ಫ್ರೀಜರ್‌ನಲ್ಲಿಟ್ಟು ತಂದರು. ಗುರುತ್ವ ಇಲ್ಲದ ಕಡೆ ಮೊಳೆತ ಕಾಳಿನ ಪೋಷಕಾಂಶ, ಅದಕ್ಕಂಟುವ ಸೂಕ್ಷ್ಮಜೀವಿಗಳು ಬದಲಾಗುತ್ತವಾ ಎಂದು ನೋಡುವುದು ಉದ್ದೇಶ. ಅಮೆರಿಕದ ನೌಕೆ, ಹದಿನೈದು ದೇಶದ ನಿಲ್ದಾಣ, ಧಾರವಾಡದ ಬೀಜ. ಇಂಥ ಪ್ರಯೋಗ ಎರಡೂವರೆ ವಾರದ ಭೇಟಿಯಲ್ಲಿ ಮುಗಿಯುವಂಥದ್ದಲ್ಲ. ಬೆಳೆ ಮೇಲೆ ಬೆಳೆ ತೆಗೆದು ನೋಡಬೇಕು, ಅದಕ್ಕೆ ವರ್ಷಗಟ್ಟಲೆ ಮೇಲೊಂದು ಜಾಗ ನಮ್ಮ ಕೈಯಲ್ಲಿರಬೇಕು.