ಸಂಬಳ ಎಷ್ಟು ಅಂತ ಕೇಳೋದು ಅಷ್ಟು ಸುಲಭಾನಾ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಂಚಿಕೇಲಿ ಕೂಲಿ, ಸಂಬಳದ ಅಂಕಿಅಂಶ ಎಲ್ಲಿಂದ ಬರುತ್ತೆ ಅಂತ ಎರಡು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಇಮೇಲು, ವಾಟ್ಸಾಪು, ಪತ್ರ ನೋಡಿದ್ರೆ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಡೋದು ವಾಸಿ ಅನ್ನಿಸ್ತು.

ಪ್ರಶ್ನೆ: ಸರ್, ನಾನು ಮೈಸೂರಲ್ಲಿ ಎಂಎ ಎಕನಾಮಿಕ್ಸ್ ಓದ್ತಿದೀನಿ. ಯಾವ ಕಸುಬಿನೋರಿಗೆ ಎಷ್ಟು ಸಂಬಳ, ಎಷ್ಟು ಗಂಟೆ ಕೆಲಸ ಅಂತ ತಿಳಿಯೋಕೆ ಇಡೀ ದೇಶಕ್ಕೆ ಒಂದು ಸರ್ವೆ ಡಿಸೈನ್ ಮಾಡಿ ಅಂತ ಅಸೈನ್‌ಮೆಂಟ್ ಕೊಟ್ಟಿದಾರೆ. ಪಿಎಲ್‌ಎಫ್‌ಎಸ್ (ಪೀರಿಯಾಡಿಕ್ ಲೇಬರ್ ಫೋರ್ಸ್ ಸರ್ವೆ, ಸರ್ಕಾರದ ಉದ್ಯೋಗ ಸರ್ವೆ) ಅಂತ ಒಂದು ಇದ್ದೇ ಇದೆಯಲ್ಲ, ಇನ್ನೊಂದು ಯಾಕೆ ಬೇಕು? ಶುರು ಮಾಡೋದು ಎಲ್ಲಿಂದ?

ಉತ್ತರ: ಪಿಎಲ್‌ಎಫ್‌ಎಸ್ ವಿಷಯ ಮೊದ್ಲು ಮುಗಿಸೋಣ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸೋ ಈ ಸರ್ವೆ 2017ರ ಏಪ್ರಿಲಲ್ಲಿ ಶುರುವಾಯ್ತು, ಅದಕ್ಕೂ ಮುಂಚೆ ಸುಮಾರು ಐದು ವರ್ಷಕ್ಕೊಂದು ದೊಡ್ಡ ಉದ್ಯೋಗ ಸರ್ವೆ ಆಗ್ತಿತ್ತು, 2011-12ರದ್ದೇ ಆ ಸಾಲಲ್ಲಿ ಕೊನೇದು. 2025ರ ಜನವರಿಯಿಂದ ಇದನ್ನ ಇನ್ನೂ ದೊಡ್ಡದು ಮಾಡಿದಾರೆ, ಹಳ್ಳಿ ಮತ್ತೆ ಪೇಟೆ ಬ್ಲಾಕು ಸೇರಿ 22,692 ಜಾಗ, ಒಂದೊಂದು ಜಾಗದಲ್ಲಿ 12 ಮನೆ, ವರ್ಷಕ್ಕೆ ಹತ್ತಿರ ಹತ್ತಿರ 2.72 ಲಕ್ಷ ಮನೆ, ಒಂದೇ ಮನೆಗೆ ತಿಂಗಳಿಗೊಂದ್ಸಲದಂತೆ ನಾಲ್ಕು ಸಲ ಹೋಗ್ತಾರೆ. ಒಳ್ಳೆ ಸರ್ವೆನೇ. ಆದ್ರೆ ಅದು ಹುಟ್ಟಿದ್ದು ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಇಲ್ಲ ಅಂತ ತಿಳಿಯೋಕೆ. ಹಿಂದಿನ ಏಳು ದಿನದಲ್ಲಿ ಒಂದು ಗಂಟೆ ದುಡಿದಿದ್ರೂ ವಾರದ ಲೆಕ್ಕದಲ್ಲಿ ಆತ ಕೆಲಸಗಾರನೇ. ಸಂಬಳ, ಗಂಟೆ ಎರಡನ್ನೂ ಕೇಳ್ತಾರೆ ನಿಜ, ಆದ್ರೆ ಕಸುಬುವಾರು ಸಂಬಳ ತೆಗೀಬೇಕು ಅನ್ನೋದು ಅದರ ಮುಖ್ಯ ಗುರಿ ಅಲ್ಲ.

ಯಾಕೆ ಸಾಲಲ್ಲ ಅಂತ ಒಂದು ಲೆಕ್ಕ ಹಾಕಿ ನೋಡಿ. ಸ್ಯಾಂಪಲ್ಲಲ್ಲಿ 4 ಲಕ್ಷ ದುಡಿಯೋರು ಸಿಕ್ಕರು ಅಂತಲೇ ಅಂದ್ಕೊಳ್ಳಿ. ಸಾವಿರಕ್ಕೆ ಒಬ್ಬರು ಮಾಡೋ ಕಸುಬು ಒಂದಿದ್ರೆ ಇಡೀ ದೇಶಕ್ಕೆ 400 ಜನ ಸಿಗ್ತಾರೆ. ಅದನ್ನ 28 ರಾಜ್ಯಕ್ಕೆ ಹಂಚಿದ್ರೆ ತಲಾ 14, ಅದರಲ್ಲಿ ಗಂಡಸ್ರು ಹೆಂಗಸ್ರು ಬೇರೆ ಮಾಡಿದ್ರೆ ಏಳೇಳು. ಏಳು ಜನರ ಸಂಬಳ ನೋಡಿ ಕರ್ನಾಟಕದಲ್ಲಿ ಆ ಕಸುಬಿನ ಹೆಂಗಸ್ರ ಕೂಲಿ ಇಷ್ಟು ಅಂತ ಪ್ರಿಂಟ್ ಹಾಕೋಕಾಗುತ್ತಾ? ಆಗಲ್ಲ. ನಮ್ಮ ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015ರಲ್ಲಿ ಎಂಟು ಅಂಕಿ ಕೋಡಿನ ಸುಮಾರು 3,600 ಕಸುಬುಗಳಿವೆ, ಮನೆಮನೆ ಸರ್ವೇಲಿ ಮೂರು ಅಂಕಿಯ ತನಕ ಹೋದ್ರೇ ಹೆಚ್ಚು, ಅಂದ್ರೆ ಎಷ್ಟೋ ಕಸುಬು ಒಂದೇ ಗುಂಪಿಗೆ ಬೀಳುತ್ತೆ. ಹಾಗಾಗಿ ಅಸೈನ್‌ಮೆಂಟಲ್ಲಿ ಮೊದಲ ಪುಟದಲ್ಲೇ ಬರ್ಕೊಳ್ಳಿ: ನನಗೆ ಎಷ್ಟು ಕಸುಬಿನ ಲೆಕ್ಕ ಬೇಕು, ರಾಜ್ಯವಾರು ಬೇಕಾ ದೇಶಕ್ಕೆ ಸಾಕಾ. ಇದನ್ನ ತೀರ್ಮಾನ ಮಾಡದೆ ಪ್ರಶ್ನಾವಳಿ ಬರೆಯೋಕೆ ಕೂರೋರೇ ಜಾಸ್ತಿ, ಆಮೇಲೆ ಟೇಬಲ್ ತುಂಬಾ ಖಾಲಿ ಖಾಲಿ.

ಎರಡನೇದು, ಕಸುಬು ಕೇಳೋ ರೀತಿ. ಸರ್ವೆ ಕೆಡೋದು ಹೆಚ್ಚಾಗಿ ಇಲ್ಲೇ. "ಏನ್ ಕೆಲ್ಸ ಮಾಡ್ತೀರಮ್ಮ" ಅಂದ್ರೆ "ಗಾರ್ಮೆಂಟ್ಸು" ಅಂತಾರೆ. ಅದು ಕಸುಬಲ್ಲ, ಫ್ಯಾಕ್ಟರಿ ಯಾವ್ದು ಅಂತ ಹೇಳಿದ್ದು ಅಷ್ಟೇ. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಒಳಗೇ ಟೈಲರ್, ಹೆಲ್ಪರ್, ಕಟಿಂಗ್, ಚೆಕ್ಕಿಂಗ್, ಐರನ್, ಪ್ಯಾಕಿಂಗ್, ಸೂಪರ್‌ವೈಸರ್ ಎಲ್ಲಾ ಇರ್ತಾರೆ, ಒಬ್ಬೊಬ್ಬರ ಸಂಬಳ ಒಂದೊಂದು ಥರ. "ಡ್ರೈವರ್" ಅಂದ್ರೂ ಅಷ್ಟೇ, ಸ್ವಂತ ಆಟೋನಾ, ಸ್ಕೂಲ್ ಬಸ್ಸಾ, ಟಿಪ್ಪರ್ರಾ? "ಗಾರೆ ಕೆಲಸ" ಅಂದೋರು ಮೇಸ್ತ್ರಿನೂ ಆಗಿರಬಹುದು, ಮಣ್ಣು ಹೊರೋ ಹೆಣ್ಣಾಳೂ ಆಗಿರಬಹುದು, ಸೆಂಟ್ರಿಂಗ್ ಹುಡುಗನೂ ಆಗಿರಬಹುದು. ಅದಕ್ಕೇ ಒಂದೇ ಪದಕ್ಕೆ ಜಾಗ ಬಿಡಬೇಡಿ, ಎರಡು ಸಾಲು ಬಿಡಿ: ದಿನಾ ಕೈಯಲ್ಲಿ ಏನು ಮಾಡ್ತಾರೆ, ಯಾವ ಮೆಷಿನ್ನು ಯಾವ ಸಾಮಾನು ಮುಟ್ತಾರೆ, ಇವರ ಕೈಕೆಳಗೆ ಯಾರಾದ್ರೂ ಇದಾರಾ. ಮಾತು ಅವರದ್ದೇ ಇರಲಿ, ಕೋಡ್ ಹಾಕೋದು ಆಮೇಲೆ ಆಫೀಸಲ್ಲಿ ಕೂತು ಹಾಕಿದ್ರಾಯ್ತು. ಟ್ಯಾಬಲ್ಲಿ ಡ್ರಾಪ್‌ಡೌನ್ ಕೊಟ್ರೆ ಬಿಸಿಲಲ್ಲಿ ನಿಂತಿರೋ ಹುಡುಗ ಯಾವುದು ಮೇಲಿದೆಯೋ ಅದನ್ನೇ ಒತ್ತಿ ಮುಂದಿನ ಮನೆಗೆ ಹೋಗ್ತಾನೆ, ಅವನ ತಪ್ಪೂ ಅಲ್ಲ ಅದು.

ಈಗ ಮುಖ್ಯವಾದ್ದಕ್ಕೆ ಬರ್ತೀನಿ. ಸಂಬಳ, ಗಂಟೆ ಎರಡೂ ಒಂದೇ ಮನುಷ್ಯನಿಂದ, ಒಂದೇ ಕೆಲಸಕ್ಕೆ, ಒಂದೇ ಅವಧಿಗೆ ಬರಬೇಕು. ಕೇಳೋಕೆ ಚಿಲ್ಲರೆ ವಿಷಯ ಅನ್ಸುತ್ತೆ, ಆದ್ರೆ ಪಿಎಲ್‌ಎಫ್‌ಎಸ್‌ನೇ ನೋಡಿ, ಗಂಟೆ ಕೇಳೋದು ಹಿಂದಿನ ಏಳು ದಿನದ್ದು, ದಿನದಿನಕ್ಕೂ ಬೇರೆ ಬೇರೆ, ಅದು ಸರಿ. ಸಂಬಳದಾರರ ಸಂಬಳ ಕೇಳೋದು ಹಿಂದಿನ ತಿಂಗಳಿನದ್ದು, ಸ್ವಂತ ಕಸುಬಿನೋರದ್ದು ಹಿಂದಿನ 30 ದಿನದ ದುಡಿಮೆ, ದಿನಗೂಲಿಯೋರದ್ದು ಮಾತ್ರ ಆ ವಾರದ ದಿನದಿನದ ಕೂಲಿ. ಈಗ ಆ ಏಳು ದಿನದಲ್ಲಿ ದೀಪಾವಳಿ ಬಂದಿದ್ರೆ ಗಂಟೆ ಕಮ್ಮಿ, ಸಂಬಳ ಮಾತ್ರ ಹಿಂದಿನ ತಿಂಗಳಿನ ಪೂರ್ತಿ ಸಂಬಳ, ಭಾಗಿಸಿದ್ರೆ ಗಂಟೆಗೆ ಭಾರೀ ಸಂಬಳ ಬಂದ ಹಾಗೆ ಕಾಣುತ್ತೆ. ಉದ್ಯೋಗ ಎಣಿಸೋಕೆ ಇದು ಅಡ್ಡಿಯಿಲ್ಲ, ಗಂಟೆಗಿಷ್ಟು ಅಂತ ಲೆಕ್ಕ ತೆಗೆಯೋಕೆ ಅಡ್ಡಿ. ಅಮೆರಿಕದೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದಾರೆ, ಅವರ ಕಸುಬುವಾರು ಸಂಬಳದ ಸರ್ವೆ ಮೂರು ವರ್ಷದಲ್ಲಿ ಸುಮಾರು 11 ಲಕ್ಷ ಸಂಸ್ಥೆಗಳನ್ನ ಕೇಳುತ್ತೆ, ಆದ್ರೆ ಎಷ್ಟು ಗಂಟೆ ದುಡಿದ್ರು ಅಂತ ಕೇಳೋದೇ ಇಲ್ಲ! ವಾರಕ್ಕೆ 40 ಗಂಟೆ, 52 ವಾರ ಅಂತ 2,080 ಇಟ್ಕೊಂಡು ಗಂಟೆಯ ದರಕ್ಕೂ ವರ್ಷದ ಸಂಬಳಕ್ಕೂ ತಾಳೆ ಹಾಕ್ತಾರೆ. ನಮ್ಮಲ್ಲಿ ಹಾಗೆ ಮಾಡಿದ್ರೆ ಲೆಕ್ಕ ಎಲ್ಲೋ ಹೋಗಿ ನಿಲ್ಲುತ್ತೆ. ನಕಲು ಮಾಡೋದೇ ಆದ್ರೆ ಜಪಾನಿನ ಮೂಲ ವೇತನ ರಚನೆ ಸರ್ವೆಯನ್ನ ನೋಡಿ: ಜೂನ್ ತಿಂಗಳಿನ ನಿಗದಿತ ಗಂಟೆ ಬೇರೆ, ಓಟಿ ಗಂಟೆ ಬೇರೆ, ಆ ತಿಂಗಳಿನ ಸಂಬಳ ಬೇರೆ, ಹಿಂದಿನ ವರ್ಷದ ಬೋನಸ್ ಬೇರೆ. ನನ್ನ ಕೇಳಿದ್ರೆ ಅದೇ ಅಚ್ಚುಕಟ್ಟು.

ಆದ್ರೆ ಜಪಾನಿನೋರು ಕೇಳೋದು ಮಾಲೀಕರನ್ನ, ಇಂಗ್ಲೆಂಡಿನೋರೂ ಅಷ್ಟೇ, ತೆರಿಗೆ ದಾಖಲೆಯಿಂದ ನೂರಕ್ಕೆ ಒಂದು ಉದ್ಯೋಗ ಆರಿಸಿ ಏಪ್ರಿಲ್ ತಿಂಗಳ ಸಂಬಳ ಕೊಡಿ ಅಂತ ಕಂಪನಿಗೆ ಫಾರ್ಮ್ ಕಳಿಸ್ತಾರೆ. ಸಂಬಳದ ರಿಜಿಸ್ಟರ್ ಇರೋ ಕಡೆ ಮಾಲೀಕರನ್ನ ಕೇಳೋದೇ ನಿಖರ. ನಮ್ಮಲ್ಲೂ ಆ ದಾರಿ ಇದೆ, ಲೇಬರ್ ಬ್ಯೂರೋದ ಕಸುಬುವಾರು ವೇತನ ಸರ್ವೆ, ಮೊದಲನೇ ಸುತ್ತು 1958-59ರಷ್ಟು ಹಳೇದು. ತೊಂದರೆ ಏನಪ್ಪಾ ಅಂದ್ರೆ ಆರಿಸಿದ ಕೈಗಾರಿಕೆಗಳಿಗಷ್ಟೇ ಅದು, ಒಂದೊಂದು ಸುತ್ತು ಮುಗಿಯೋಕೆ ವರ್ಷಗಟ್ಟಲೆ ಹಿಡಿಯುತ್ತೆ. ಮತ್ತೆ ರಿಜಿಸ್ಟರ್‌ನಲ್ಲೇ ಇಲ್ಲದ ಜನ, ಮನೆಗೆಲಸದೋರು, ತೋಟದ ಆಳುಗಳು, ರಸ್ತೆಬದಿ ವ್ಯಾಪಾರದೋರು, ಅವರನ್ನ ಯಾವ ಮಾಲೀಕ ತೋರಿಸ್ತಾನೆ? ಅದಕ್ಕೆ ನಮಗೆ ಎರಡೂ ಬೇಕು. ಬೆನ್ನೆಲುಬು ಮನೆಮನೆ ಸರ್ವೆನೇ ಇರಲಿ, ಫ್ಯಾಕ್ಟರಿ ಆಸ್ಪತ್ರೆ ಆಫೀಸಿಗೆ ಮಾಲೀಕರ ಫಾರ್ಮು ಜೊತೆಗಿರಲಿ, ಎರಡಕ್ಕೂ ತಿಂಗಳು ಒಂದೇ ಇರಲಿ, ಕಸುಬಿನ ಕೋಡೂ ಒಂದೇ ಇರಲಿ.

ಪಟ್ಟಿ ಹಳೇದು ಅನ್ನೋ ತಲೆನೋವು ಬೇರೆ ಇದೆ. ಹಳ್ಳಿ ಆರಿಸೋಕೆ ಇನ್ನೂ 2011ರ ಜನಗಣತಿನೇ ಆಧಾರ. 2027ರ ಗಣತಿ ಬಂದ್ಮೇಲೆ ಇದು ಸ್ವಲ್ಪ ಸರಿಹೋಗುತ್ತೆ.

ಪ್ರಶ್ನೆ: ನಮಸ್ಕಾರ್ರೀ. ಪೇಪರ್‌ನ್ಯಾಗ ವಾರಕ್ಕ ಸರಾಸರಿ ಇಷ್ಟ ತಾಸು ದುಡೀತಾರ ಅಂತ ಬರಿತಾರ. ನಮ್ಮಣ್ಣ ಹುಬ್ಬಳ್ಳ್ಯಾಗ ಸೆಕ್ಯುರಿಟಿ, ದಿನಾ 12 ತಾಸು ಡ್ಯೂಟಿ. ಆ ಸರಾಸರಿಯೊಳಗ ಅವ ಎಲ್ಲದಾನ?

ಉತ್ತರ: ಸರಾಸರಿ ಒಳಗೆ ಅವರು ಕರಗಿ ಹೋಗಿದಾರೆ ನೋಡ್ರಿ. ವಾರಕ್ಕೆ ಆರು ದಿನ 12 ತಾಸಂದ್ರೆ 72. ಪಕ್ಕದ ಮನೇಲಿ ಟ್ಯೂಷನ್ ಹೇಳೋ ಒಬ್ಬರು ವಾರಕ್ಕೆ 24 ತಾಸು ದುಡೀತಾರೆ ಅಂದ್ಕೊಳ್ಳಿ, ಇಬ್ಬರದ್ದೂ ಸೇರಿಸಿ ಸರಾಸರಿ 48, ಕಾನೂನಿನ ಪ್ರಕಾರ ಎಲ್ಲಾ ಸರಿಯಾಗೇ ಇದೆ ಅನ್ಸುತ್ತೆ, ನಿಜಕ್ಕೂ 48 ತಾಸು ದುಡಿಯೋರು ಇಬ್ಬರಲ್ಲಿ ಒಬ್ಬರೂ ಇಲ್ಲ. ಅದಕ್ಕೇ ಕಸುಬುವಾರು 48ಕ್ಕಿಂತ ಜಾಸ್ತಿ ಎಷ್ಟು ಮಂದಿ, 60ಕ್ಕಿಂತ ಜಾಸ್ತಿ ಎಷ್ಟು ಮಂದಿ ಅಂತ ಟೇಬಲ್ ಕೊಡಬೇಕು.

ಸಂಬಳದ್ದೂ ಹಾಗೇ. ನಿಮ್ಮಣ್ಣಗ ತಿಂಗಳಿಗೆ 18,000 ಬರುತ್ತೆ, ಇನ್ನೊಬ್ಬರಿಗೆ 8 ತಾಸಿನ ಡ್ಯೂಟಿಗೆ 15,000 ಅಂತ ಇಟ್ಕೊಳ್ಳಿ. ನೋಡೋಕೆ ನಿಮ್ಮಣ್ಣನೇ ವಾಸಿ. 26 ದಿನಕ್ಕೆ ಅವರದ್ದು 312 ತಾಸು, ತಾಸಿಗೆ 58 ರೂಪಾಯಿನೂ ಬೀಳಲ್ಲ. ಇನ್ನೊಬ್ಬರದ್ದು 208 ತಾಸು, ತಾಸಿಗೆ 72. ಗಂಟೆ ಕೇಳದೆ ಸಂಬಳ ಮಾತ್ರ ಕೇಳಿದ್ರೆ ಸರ್ವೆ ಉಲ್ಟಾ ಉತ್ತರ ಕೊಡುತ್ತೆ.

ಪ್ರಶ್ನೆ: ಅಮ್ಮ ಬೀಡಿ ಕಟ್ಟುವುದು, ಬಂಟ್ವಾಳದ ಹತ್ತಿರ. ಅಡುಗೆ ಮಾಡ್ತಾ, ಟಿವಿ ನೋಡ್ತಾ, ಮಾತಾಡ್ತಾ ಕಟ್ಟುವುದು. ಇದಕ್ಕೆ ಗಂಟೆ ಹೇಗೆ ಲೆಕ್ಕ ಮಾಡುವುದು ಸಾರ್?

ಉತ್ತರ: ಬಂದ ಪತ್ರಗಳಲ್ಲೆಲ್ಲಾ ಕಷ್ಟದ ಪ್ರಶ್ನೆ ನಿಮ್ಮದೇ. ಬೀಡಿಗೆ ಮಜೂರಿ ಸಾವಿರಕ್ಕೆ ಇಷ್ಟು ಅಂತ, ಗಂಟೆಗಲ್ಲ. "ದಿನಕ್ಕೆ ಎಷ್ಟು ಗಂಟೆ ಕಟ್ತೀರಿ" ಅಂತ ಕೇಳಿದ್ರೆ ಅಮ್ಮ ಏನಂತ ಹೇಳ್ತಾರೆ ಪಾಪ, ನಗ್ತಾರೆ ಅಷ್ಟೇ. ಅದರ ಬದಲು ಕೇಳಬೇಕಾದ್ದು ಹೀಗೆ: ಈ ವಾರ ಬ್ರಾಂಚಿಗೆ (ಬೀಡಿ ತಗೊಳ್ಳೋ ಕೇಂದ್ರಕ್ಕೆ) ಎಷ್ಟು ಬೀಡಿ ಕೊಟ್ರಿ, ಅದರಲ್ಲಿ ಎಷ್ಟು ಚಾಟ (ಸರಿಯಿಲ್ಲದ ಬೀಡಿ) ಅಂತ ತೆಗೆದು ಹಾಕಿದ್ರು, ಎಲೆ ಕಮ್ಮಿ ಬಿದ್ದು ಕೈಯಿಂದ ದುಡ್ಡು ಹಾಕಿ ತಂದ್ರಾ, ನಿನ್ನೆ ಎಲೆ ಕತ್ತರಿಸೋಕೆ ಕೂತದ್ದು ಯಾವಾಗ, ಎದ್ದದ್ದು ಯಾವಾಗ. ಎಲೆ ನೆನೆಸೋದು, ಕತ್ತರಿಸೋದು, ಕಟ್ಟು ಕಟ್ಟೋದು, ಬ್ರಾಂಚಿಗೆ ಹೋಗಿ ಸಾಲಲ್ಲಿ ಕಾಯೋದು, ಎಲ್ಲಾ ಕೆಲಸವೇ.

ಬೀಡಿ, ಮಜೂರಿ ಲೆಕ್ಕ ಬರೆಯೋ ಪಾಸ್‌ಬುಕ್ಕಿನ ವಿಷಯ ಇದಕ್ಕಿಂತ ಸೂಕ್ಷ್ಮ. ಪುಸ್ತಕ ಅಮ್ಮನ ಹೆಸರಲ್ಲಿರುತ್ತೆ, ಸಂಜೆ ಕಾಲೇಜಿಂದ ಬಂದ ಮಗಳೂ ನಾಲ್ಕು ಕಟ್ಟು ಕಟ್ತಾಳೆ, ಅಜ್ಜಿನೂ ಕಟ್ತಾರೆ. ಮಜೂರಿ ಪೂರ್ತಿ ಅಮ್ಮನ ಲೆಕ್ಕಕ್ಕೆ, ಗಂಟೆ ಮಾತ್ರ ಅಮ್ಮನದ್ದಷ್ಟೇ ಅಂತ ಹಿಡಿದ್ರೆ ಗಂಟೆಯ ಮಜೂರಿ ಇರೋದಕ್ಕಿಂತ ಜಾಸ್ತಿ ಕಾಣುತ್ತೆ. ಇಂಥ ಕಸುಬಿಗೆ ವ್ಯಕ್ತಿ ಬಿಟ್ಟು ಮನೆಯನ್ನೇ ಒಂದು ಘಟಕ ಮಾಡಿ, ಯಾರ್ಯಾರು ಕಟ್ಟಿದ್ರು ಅಂತ ಎಲ್ಲರ ಗಂಟೆನೂ ಕೂಡಿಸಿ ಭಾಗಿಸಬೇಕು. ಸಮಯ ಬಳಕೆ ಸರ್ವೆ ಅಂತ ಕೇಂದ್ರದೋರು 2019ರಲ್ಲಿ, ಮತ್ತೆ 2024ರಲ್ಲಿ ಮಾಡಿದಾರೆ, ಅದರಲ್ಲಿ ಹಿಂದಿನ ದಿನ ಬೆಳಿಗ್ಗೆ 4ರಿಂದ ಮಾರನೇ ದಿನ ಬೆಳಿಗ್ಗೆ 4ರ ತನಕ ಅರ್ಧರ್ಧ ಗಂಟೆಗೆ ಏನು ಮಾಡಿದ್ರಿ ಅಂತ ಕೇಳ್ತಾರೆ, ಒಂದೇ ಅರ್ಧಗಂಟೇಲಿ ಮೂರು ಕೆಲಸದ ತನಕ ಬರ್ಕೊಳ್ಳೋಕೆ ಜಾಗ ಇದೆ. ಅಡುಗೆ ಜೊತೆ ಬೀಡಿ ಅನ್ನೋದು ಕಾಗದದ ಮೇಲೆ ಬರೋದು ಅಂಥ ಫಾರ್ಮಲ್ಲಿ ಮಾತ್ರ. ಗಂಡನೋ ಮಗನೋ ಮನೆಯೋರ ಪರವಾಗಿ ಉತ್ತರ ಹೇಳಿದ್ರೆ "ಅವಳು ಮನೇಲೇ ಇರ್ತಾಳೆ" ಅಂತ ಬರ್ಸಿಬಿಡ್ತಾರೆ, ಅದಕ್ಕೇ ಕಟ್ಟೋರನ್ನೇ ಕೇಳಬೇಕು.

ಪ್ರಶ್ನೆ: ಪಿಎಫ್ ಡೇಟಾ ಕೋಟಿಗಟ್ಟಲೆ ಜನರದ್ದು ಸರ್ಕಾರದ ಹತ್ತಿರ ಇದ್ಯಲ್ಲಾ, ಇಷ್ಟು ಸರ್ಕಸ್ ಯಾಕೆ? (ತುಮಕೂರು)

ಉತ್ತರ: ಪಿಎಫ್ ಕಡ್ಡಾಯ ಆಗೋದು 20 ಜನ ಇರೋ ಸಂಸ್ಥೆಯಿಂದ ಮೇಲೆ. 2014ರಲ್ಲಿ ನಿಗದಿಯಾದ 15,000ದ ಮಿತಿ ಒಂದಿದೆ, ಎಷ್ಟೋ ಕಡೆ ಪಿಎಫ್ ಕಟ್ ಮಾಡೋದು ಅಷ್ಟಕ್ಕೆ ಮಾತ್ರ, ಹಾಗಾಗಿ ಅಲ್ಲಿ ಕಾಣೋ ಸಂಬಳ ಪೂರ್ತಿ ಸಂಬಳ ಅಲ್ಲ. ದುಡಿದ ಗಂಟೆ ಅದರಲ್ಲಿ ಇಲ್ಲ. ತಾಳೆ ನೋಡೋಕೆ ಸರಿ, ಅಷ್ಟೇ.

ಪ್ರಶ್ನೆ: ಫುಡ್ ಡೆಲಿವರಿ ಮಾಡ್ತೀನಿ, ಬೆಂಗಳೂರು. ಆ್ಯಪ್ ಆನ್ ಇದ್ರೂ ಆರ್ಡರ್ ಇಲ್ದೆ ಕಾಯೋ ಟೈಮು ಕೆಲಸದ ಗಂಟೆನಾ ಅಲ್ವಾ ಬ್ರೋ?

ಉತ್ತರ: ಕೆಲಸದ ಗಂಟೆನೇ ಬ್ರೋ. ಕೆಲಸದ ಸಮಯ ಹೇಗೆ ಅಳೀಬೇಕು ಅಂತ 2008ರಲ್ಲಿ ಐಎಲ್‌ಒದ (ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ಒಂದು ನಿರ್ಣಯ ಮಾಡಿದೆ, ಕೆಲಸಕ್ಕೆ ತಯಾರಾಗಿ ಕಾಯೋದು, ಕೆಲಸದ ಮಧ್ಯೆ ಟೀ ಕುಡಿಯೋ ಸಣ್ಣ ಬಿಡುವು ಒಳಗೆ, ಊಟದ ಬಿಡುವು ಮತ್ತೆ ಮನೆಯಿಂದ ಕೆಲಸಕ್ಕೆ ಓಡಾಡೋದು ಹೊರಗೆ. ಡಿಸೈನ್ ಮಾಡೋರು ಎರಡನ್ನೂ ಕೇಳಬೇಕು, ಲಾಗಿನ್ ಗಂಟೆ ಎಷ್ಟು, ಆರ್ಡರ್ ಮೇಲಿದ್ದ ಗಂಟೆ ಎಷ್ಟು. ಪೆಟ್ರೋಲು, ಗಾಡಿ ಸರ್ವಿಸು, ಡೇಟಾ ಪ್ಯಾಕು ಕಳೆದು ಉಳಿದಿದ್ದೆಷ್ಟು ಅಂತಲೂ ಕೇಳಬೇಕು, ಇಲ್ಲಾಂದ್ರೆ ನಿಮ್ಮ ಖರ್ಚೂ ನಿಮ್ಮ ಸಂಬಳದ ಲೆಕ್ಕಕ್ಕೇ ಸೇರಿಬಿಡುತ್ತೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಸರ್ವೆಯೋರು ಬಂದು ಸಂಬಳ ಕೇಳಿದ್ರು. ಐಟಿಯಲ್ಲಿದೀನಿ. ಅವರಿಗ್ಯಾಕೆ ನನ್ನ ಸಂಬಳ? ಹೇಳದಿದ್ರೆ ಏನಾಗುತ್ತೆ?

ಉತ್ತರ: ನಿಮ್ಮೊಬ್ಬರಿಗೆ ಏನೂ ಆಗಲ್ಲ ಅನ್ಸಬಹುದು, ಲೆಕ್ಕಕ್ಕೆ ಆಗುತ್ತೆ. ದೊಡ್ಡ ಸಂಬಳದೋರು ಗೇಟಲ್ಲೇ ವಾಪಸ್ ಕಳಿಸಿದ್ರೆ ಸಾಫ್ಟ್‌ವೇರ್ ಕಸುಬಿನ ಸಂಬಳ, ಗಂಟೆ ಎರಡೂ ಹೊಸದಾಗಿ ಸೇರಿದ ಹುಡುಗ್ರ ಉತ್ತರದ ಮೇಲೇ ನಿಲ್ಲುತ್ತೆ. ಮನೆ ಬದಲಾಯಿಸಿ ಪಕ್ಕದವರನ್ನ ಕೇಳಿದ್ರೂ ಸರಿಹೋಗಲ್ಲ, ಬಾಗಿಲು ತೆಗೆಯೋರು ಮತ್ತೆ ಬೇರೆ ಥರದೋರೇ ಆಗಿರ್ತಾರೆ. ರಾತ್ರಿ ಕಾಲ್‌ಗಳು, ವೀಕೆಂಡ್ ರಿಲೀಸ್‌ಗಳು ನಿಮ್ಮ ಕಸುಬಿನ ಗಂಟೆಗೆ ಸೇರಬೇಕು ಅಂದ್ರೆ ನೀವೇ ಹೇಳಬೇಕು, ಕಂಪನಿ ಫಾರ್ಮಲ್ಲಿ ಅದು ಬರಲ್ಲ. ಅಂಕಿಅಂಶ ಸಂಗ್ರಹ ಕಾಯ್ದೆ 2008ರ ಪ್ರಕಾರ ನೀವು ಕೊಟ್ಟ ಮಾಹಿತೀನ ಹೆಸರು ಸಮೇತ ಹೊರಗೆ ಬಿಡೋ ಹಾಗಿಲ್ಲ, ಸಂಶೋಧಕರಿಗೆ ಸಿಗೋ ಫೈಲಲ್ಲಿ ಹೆಸರು ವಿಳಾಸ ಇರಲ್ಲ. ಬಂದೋರ ಐಡಿ ಕಾರ್ಡ್ ಕೇಳಿ ನೋಡಿ, ಬೇಕಾದ್ರೆ ಅಸೋಸಿಯೇಷನ್‌ನೋರನ್ನ ಜೊತೆಗೆ ಕರ್ಕೊಳ್ಳಿ. ಆಯ್ಕೆಯಾದ ಮನೆ ಆಗಿದ್ರೆ ಮುಂದಿನ ತಿಂಗಳು ಮತ್ತೆ ಬರ್ತಾರೆ, ಆಗ ಸ್ಯಾಲರಿ ಸ್ಲಿಪ್ ಕೈಯಲ್ಲಿಟ್ಕೊಂಡಿದ್ರೆ ಬೇಗ ಮುಗಿಯುತ್ತೆ. ಓಟಿಪಿ, ಬ್ಯಾಂಕ್ ಅಕೌಂಟ್ ನಂಬರ್ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ ಕೊಡಬೇಡಿ, ಸಂಬಳದ ಸರ್ವೆಗೆ ಅದ್ಯಾವುದೂ ಬೇಕಾಗಲ್ಲ.